ಮೊಸರಲ್ಲಿ ಕಲ್ಲು ಹುಡುಕುವವರ ಮಾತೂ ಸ್ವಲ್ಪ ಕೇಳಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಶಿಕ್ಷಣ ಪುಟದಲ್ಲಿ ಮೊನ್ನೆ ಎಥಿಕಲ್ ಹ್ಯಾಕಿಂಗ್, ಅಂದರೆ ಒಪ್ಪಿಗೆ ಪಡೆದು ಕಂಪ್ಯೂಟರ್ ವ್ಯವಸ್ಥೆಯ ಲೋಪ ಹುಡುಕುವ ಕೆಲಸದ ಬಗ್ಗೆ ಲೇಖನ ಬಂದಿತ್ತು. ಕೋರ್ಸು ಎಷ್ಟು ತಿಂಗಳು, ಸಂಬಳ ಎಷ್ಟು ಲಕ್ಷ, ಎಲ್ಲ ಬರೆದಿದ್ದರು. ಪಕ್ಕದಲ್ಲೊಂದು ಚಿತ್ರ. ತಲೆ ಮುಚ್ಚುವ ಟೋಪಿ ಇರುವ ಕಪ್ಪು ಅಂಗಿ ಹಾಕಿಕೊಂಡು, ಮುಖ ಕಾಣದ ಹಾಗೆ ಕೂತ ಒಬ್ಬ. ನಮ್ಮ ಶಿಡ್ಲಘಟ್ಟದ ಏಪ್ರಿಲ್ ಬಿಸಿಲಿಗೆ ಹಾಗೆ ಕೂತರೆ ಅರ್ಧ ಗಂಟೆಗೆ ತಲೆ ಸುತ್ತಿ ಬೀಳಬೇಕು. ಅದಿರಲಿ, ಲೇಖನದಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಈ ಕೆಲಸಕ್ಕೆ ಬೀಳುವವರು ಎಂಥ ಸ್ವಭಾವದವರು, ಅವರನ್ನು ಅವರ ಊರೇ ಹೇಗೆ ನೋಡುತ್ತೆ ಎನ್ನುವ ಬಗ್ಗೆ ಒಂದು ಸಾಲೂ ಇರಲಿಲ್ಲ. ಅದಕ್ಕೇ ಈ ಪತ್ರ.

ನನಗೆ 17 ವರ್ಷ. ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗ. ವೆಬ್‌ಸೈಟು, ಆ್ಯಪ್‌ಗಳಲ್ಲಿ ಭದ್ರತೆಯ ಲೋಪ ಹುಡುಕಿ, ಅದನ್ನು ಮಾಡಿದವರಿಗೇ ತಿಳಿಸುವುದು ನನ್ನ ಕೆಲಸ. ಕೆಲಸ ಅಂದರೆ ಅಮ್ಮ ನಗುತ್ತಾರೆ. "ಕೆಲಸ ಅಂದ್ರೆ ಹಿಂದೆ ಶೆಡ್ಡಲ್ಲಿ ನಿಮ್ಮಪ್ಪ ಮಾಡ್ತಿದಾರಲ್ಲ, ಅದು" ಅನ್ನುತ್ತಾರೆ.

ದೊಡ್ಡಮ್ಮ ನನಗೆ ಚಿಕ್ಕಂದಿನಲ್ಲೇ ಇಟ್ಟ ಬಿರುದು 'ಮೊಸರಲ್ಲಿ ಕಲ್ಲು ಹುಡುಕೋಳು'. ಮದುವೆ ಮನೆಯಲ್ಲಿ ಉಳಿದ ಮಕ್ಕಳು ಬಲೂನು ಹಿಡಿದು ಓಡಿದರೆ ನಾನು ಚಪ್ಪರದ ಕಂಬ ಅಲ್ಲಾಡಿಸಿ ನೋಡುತ್ತಿದ್ದೆನಂತೆ. ಬಸ್ ಟಿಕೆಟ್ಟಿನ ಮೇಲಿನ ನಂಬರು ಯಾಕೆ ಒಂದೊಂದೇ ಏರುತ್ತೆ, ಇನ್ನೊಬ್ಬರ ರೇಷನ್ ಕಾರ್ಡ್ ನಂಬರು ಹೇಳಿದರೆ ಅಕ್ಕಿ ಕೊಡ್ತಾರಾ ಅಂತ ಕೇಳಿ ಕೇಳಿ ಎಲ್ಲರ ತಲೆ ತಿಂದಿದ್ದೇನೆ. ನೆಂಟರ ಜೊತೆ ಮಾತು ಕಮ್ಮಿ. ಯಾರಾದರೂ "ಅದೆಲ್ಲ ಸರಿಯಾಗಿದೆ ಬಿಡಮ್ಮ" ಅಂದರೆ ನನಗೆ ಆಗಲೇ ಅನುಮಾನ ಶುರು. ಹೆಣ್ಣುಮಗುವಿಗೆ ಇದೆಂಥ ಬುದ್ಧಿ, ಎಲ್ಲಿಂದ ಬಂತು ಅಂತ ಅವರಿಗೆಲ್ಲ ಆಶ್ಚರ್ಯ.

ಬಂದಿದ್ದು ಅಪ್ಪನಿಂದ. ಅಪ್ಪ ರೀಲರು, ಅಂದರೆ ರೇಷ್ಮೆ ಗೂಡು ಕೊಂಡು ನೂಲು ಬಿಚ್ಚುವವರು. ರೇಷ್ಮೆ ಗೂಡಿನ ಮಾರುಕಟ್ಟೆಗೆ ಅವರ ಜೊತೆ ಹೋದವರಿಗೆ ಗೊತ್ತು. ಮಾರಾಟಕ್ಕಿಟ್ಟ ಗೂಡಿನ ರಾಶಿಯ ಮುಂದೆ ನಿಂತು ಮೇಲಿನದನ್ನು ಬಿಟ್ಟು ತಳಕ್ಕೆ ಕೈ ಹಾಕುತ್ತಾರೆ. ಒಂದು ಹಿಡಿ ತೆಗೆದು ಒತ್ತಿ ನೋಡುತ್ತಾರೆ. ತೆಳ್ಳಗಿನದು, ಕಲೆ ಹತ್ತಿದ್ದು, ಎರಡು ಹುಳ ಸೇರಿ ಕಟ್ಟಿದ್ದು ಎಷ್ಟಿದೆ ಅಂತ ಕಣ್ಣಲ್ಲೇ ಎಣಿಸುತ್ತಾರೆ. ಆಮೇಲೆ ಒಂದು ಗೂಡನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಒಳಗೆ ಹುಳ ಪೂರ್ತಿ ಕೋಶವಾಗಿದ್ದರೆ ಅದರದೊಂದು ಸದ್ದೇ ಬೇರೆ. ರೈತ ಮೋಸಗಾರ ಅಂತ ಅಪ್ಪ ಹೀಗೆ ಮಾಡುವುದಿಲ್ಲ. ನೋಡದೆ ಕೊಂಡರೆ ನೂಲು ಬಿಚ್ಚುವಾಗ ಎಳೆ ಕಡಿಯುತ್ತೆ, ಅಷ್ಟೇ. ಅಲ್ಲಾಡಿಸಿ ನೋಡಿದ್ದಕ್ಕೆ ಯಾವ ರೈತನೂ ಅಪ್ಪನ ಮೇಲೆ ಸಿಟ್ಟಾಗಿದ್ದು ನಾನು ಕಂಡಿಲ್ಲ. ನಾನು ವೆಬ್‌ಸೈಟಿಗೆ ಮಾಡುವುದೂ ಇದನ್ನೇ. ನನ್ನ ಮೇಲೆ ಮಾತ್ರ ಸಿಟ್ಟು ಬರುತ್ತೆ.

ಕೆಲಸ ಹೇಗಿರುತ್ತೆ ಅಂತ ಸ್ವಲ್ಪ ಹೇಳುತ್ತೇನೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೊಂಡ ಹಳೇ ಲ್ಯಾಪ್‌ಟಾಪು. ಬರ್ಪ್ ಸೂಟ್ ಅನ್ನುವ ಸಾಫ್ಟ್‌ವೇರಿನ ಉಚಿತ ಆವೃತ್ತಿ. ಇದು ಬ್ರೌಸರಿಗೂ ಆಚೆ ಕಡೆಯ ಸರ್ವರಿಗೂ ಮಧ್ಯೆ ಕೂತು, ಇವೆರಡೂ ಏನು ಮಾತಾಡಿಕೊಳ್ಳುತ್ತಿವೆ ಅಂತ ತೋರಿಸುತ್ತೆ. ಇದನ್ನು ಮಾಡಿದ ಪೋರ್ಟ್‌ಸ್ವಿಗರ್ ಕಂಪನಿಯ ಪಾಠಗಳೂ ಉಚಿತ. ಹಾಗಾಗಿ ಸಾವಿರಾರು ರೂಪಾಯಿ ಫೀಸು ಕಟ್ಟುವ ಮೊದಲು ಒಮ್ಮೆ ಅದನ್ನು ನೋಡಿ ಅಂತ ನನ್ನ ವಯಸ್ಸಿನವರಿಗೆ ಹೇಳುತ್ತೇನೆ. ಇನ್ನು ಎಲ್ಲಿ ಬೇಕಾದರೂ ಕೈ ಹಾಕುವಂತಿಲ್ಲ. 'ನಮ್ಮಲ್ಲಿ ಲೋಪ ಹುಡುಕಿ ತಿಳಿಸಿ' ಅಂತ ಕೆಲವು ಕಂಪನಿಗಳೇ ಪ್ರಕಟಿಸುತ್ತವೆ, ಹುಡುಕಿ ಕೊಟ್ಟವರಿಗೆ ಬಹುಮಾನದ ದುಡ್ಡನ್ನೂ ಕೊಡುತ್ತವೆ. ಎಲ್ಲಿ ಹುಡುಕಬಹುದು, ಯಾವುದನ್ನು ಮುಟ್ಟಬಾರದು ಅಂತ ಅದರಲ್ಲೇ ಬರೆದಿರುತ್ತೆ. ಅದಕ್ಕೆ ಸ್ಕೋಪು ಅನ್ನುತ್ತಾರೆ. ಆ ಗೆರೆಯೊಳಗೇ ಇರಬೇಕು.

ಸುಮ್ನೆ ಹೇಳುವುದಲ್ಲ, ಮುಕ್ಕಾಲು ಪಾಲು ಇದು ಓದುವ ಕೆಲಸ. ರಾತ್ರಿಯೆಲ್ಲ ಕೂತು ಏನೋ ಸಿಕ್ಕಿತು ಅಂತ ವರದಿ ಕಳಿಸಿದರೆ 'ಡೂಪ್ಲಿಕೇಟ್' ಅಂತ ವಾಪಸ್ ಬರುತ್ತೆ. ಅಂದರೆ ಇನ್ಯಾರೋ ಮೊದಲೇ ಹೇಳಿಯಾಗಿದೆ. ದುಡ್ಡಿಲ್ಲ. ಜಾಹೀರಾತುಗಳಲ್ಲಿ ಅರ್ಜೆಂಟೀನಾದ ಸ್ಯಾಂಟಿಯಾಗೊ ಲೋಪೆಜ್ ಕಥೆ ಹೇಳುತ್ತಾರೆ. ನಿಜವೇ. 2019ರಲ್ಲಿ, 19ನೇ ವಯಸ್ಸಿಗೆ, ಇಂಥ ಕಂಪನಿಗಳನ್ನೂ ಲೋಪ ಹುಡುಕುವವರನ್ನೂ ಸೇರಿಸುವ ಹ್ಯಾಕರ್‌ಒನ್ ವೇದಿಕೆಯಲ್ಲಿ 10 ಲಕ್ಷ ಡಾಲರ್ ಗಳಿಸಿದ ಮೊದಲಿಗ ಆತ. ಆದರೆ ಆತನ ಮೊದಲ ಬಹುಮಾನ 50 ಡಾಲರ್. ಆ ಮೊತ್ತ ಮುಟ್ಟುವ ಹೊತ್ತಿಗೆ 1,600ಕ್ಕೂ ಹೆಚ್ಚು ಲೋಪಗಳನ್ನು ಹುಡುಕಿ ಕೊಟ್ಟಿದ್ದ. ಇದನ್ನು ಯಾವ ಜಾಹೀರಾತೂ ಹೇಳುವುದಿಲ್ಲ.

ನನಗೂ ಒಂದಿಷ್ಟು ಬಂದಿದೆ. ಜಾಸ್ತಿ ಏನಲ್ಲ. 18 ತುಂಬದ್ದರಿಂದ ಒಪ್ಪಿಗೆ ಪತ್ರಕ್ಕೆ ಅಪ್ಪನ ಸಹಿ ಬೇಕಿತ್ತು. ಅಪ್ಪ ಓದಿದ್ದು ಏಳನೇ ಕ್ಲಾಸು. ಕಾಗದವನ್ನು ಹಿಂದೆ ಮುಂದೆ ತಿರುಗಿಸಿ, "ಇದು ಸಾಲದ ಪತ್ರ ಅಲ್ಲ ತಾನೇ?" ಅಂತ ಕೇಳಿದರು. ಆಮೇಲೆ ಪ್ಯಾನ್ ಕಾರ್ಡು. ಅಪ್ರಾಪ್ತರ ಪ್ಯಾನ್ ಕಾರ್ಡಿನಲ್ಲಿ ಫೋಟೋನೂ ಇರುವುದಿಲ್ಲ, ಸಹಿಯೂ ಇರುವುದಿಲ್ಲ. ಮಕ್ಕಳ ಆದಾಯವನ್ನು ಸಾಮಾನ್ಯವಾಗಿ ತಂದೆ ಅಥವಾ ತಾಯಿಯ ಲೆಕ್ಕಕ್ಕೆ ಸೇರಿಸುತ್ತಾರೆ. ಮಗು ಸ್ವಂತ ಜಾಣ್ಮೆಯಿಂದ ದುಡಿದಿದ್ದರೆ ಮಾತ್ರ ಅದು ಮಗುವಿನದೇ ಲೆಕ್ಕ ಅಂತ ಆಡಿಟರು ಹೇಳಿದರು. ಕೇಳಿ ಖುಷಿಯಾಯಿತು. ನಾನು ಮಾಡುವುದು ಕೆಲಸ ಅಂತ ಅಮ್ಮನಿಗಿಂತ ಮುಂಚೆ ಆದಾಯ ತೆರಿಗೆ ಇಲಾಖೆ ಒಪ್ಪಿಕೊಂಡಿದೆ.

ಆನ್‌ಲೈನಿನಲ್ಲಿ ನನಗೆ ಬೇರೆ ಹೆಸರಿದೆ. ಗಂಡೋ ಹೆಣ್ಣೋ, ಊರು ಯಾವುದು, ಜಾತಿ ಯಾವುದು ಅದರಿಂದ ಗೊತ್ತಾಗುವುದಿಲ್ಲ. ಕಂಪನಿಯವರು 'ಸರ್' ಅಂತ ಬರೆಯುತ್ತಾರೆ. ನನ್ನ ಹಾಗೇ ಲೋಪ ಹುಡುಕುವವರು 'ಬ್ರೋ' ಅನ್ನುತ್ತಾರೆ. ನಾನು ತಿದ್ದಲು ಹೋಗಿಲ್ಲ. ಮೊದಮೊದಲು ಇದು ಸುಳ್ಳು ಹೇಳಿದ ಹಾಗಲ್ವಾ ಅನ್ನಿಸುತ್ತಿತ್ತು. ಈಗ ಅನ್ನಿಸುವುದಿಲ್ಲ. ಅಲ್ಲಿ ನನ್ನನ್ನು ಅಳೆಯುವುದು ಬರೆದ ವರದಿಯಿಂದ. ಹೆಜ್ಜೆಗಳು ಸರಿಯಾಗಿವೆಯಾ, ಅವರು ಮಾಡಿ ನೋಡಿದರೆ ಅದೇ ಫಲಿತಾಂಶ ಬರುತ್ತಾ, ಅಷ್ಟೇ. ಮನೆಯಲ್ಲಿ ಅಜ್ಜಿ ಜೊತೆ ತೆಲುಗು, ಕಾಲೇಜಿನಲ್ಲಿ ಕನ್ನಡ, ವರದಿಯಲ್ಲಿ ಇಂಗ್ಲಿಷು. ಮೂರೂ ಕಡೆ ಇರುವವಳು ಒಬ್ಬಳೇ ಅಂತ ನನಗಂತೂ ಅನುಮಾನವಿಲ್ಲ. ಮೊಸರಲ್ಲಿ ಕಲ್ಲು ಹುಡುಕುವ ಬುದ್ಧಿಗೆ ದೂರದ ಕಂಪನಿ ಥ್ಯಾಂಕ್ಸ್ ಹೇಳುತ್ತೆ, ಊರಲ್ಲಿ ಬೈಗುಳ ಸಿಗುತ್ತೆ. ವ್ಯತ್ಯಾಸ ಇರುವುದು ನೋಡುವವರಲ್ಲಿ.

ಊರಿನವರಿಗೆ ನಾನು 'ಆ ಹ್ಯಾಕಿಂಗ್ ಹುಡುಗಿ'. ಕ್ಲಾಸಿನವರು ಬಂದು ಯಾರದ್ದೋ ಇನ್‌ಸ್ಟಾಗ್ರಾಂ ಓಪನ್ ಮಾಡಿಕೊಡು ಅನ್ನುತ್ತಾರೆ. ಆಗಲ್ಲ ಅಂದರೆ, ಹಾಗಾದರೆ ನಿನಗೇನು ಬರುತ್ತೆ ಅಂತ ಕೇಳುತ್ತಾರೆ. ಪಕ್ಕದ ಬೀದಿಯ ಆಂಟಿಯೊಬ್ಬರು ಮಾತ್ರ ಸರಿಯಾದ ಕೆಲಸಕ್ಕೆ ಕರೆದಿದ್ದರು. ವಾಟ್ಸ್ಆ್ಯಪ್‌ಗೆ ಮದುವೆ ಆಮಂತ್ರಣ ಅಂತ ಎಪಿಕೆ ಫೈಲು, ಅಂದರೆ ಒತ್ತಿದರೆ ಫೋನಿಗೆ ಆ್ಯಪ್ ಹಾಕುವ ಫೈಲು ಬಂದಿತ್ತು. ಒತ್ತಿದ್ದಾರೆ, ಖಾತೆಯಿಂದ ದುಡ್ಡು ಹೋಗಿದೆ. ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿ, ಮೊಬೈಲಿನ ಡೇಟಾ ಆಫ್ ಮಾಡಿಸಿದೆ. ಎಷ್ಟು ಬೇಗ ಹೇಳಿದರೆ ಅಷ್ಟು ದುಡ್ಡು ಮಧ್ಯದಲ್ಲೇ ತಡೆಯಬಹುದು. ಇದನ್ನು ದಯವಿಟ್ಟು ನೀವೂ ಆಗಾಗ ಅಚ್ಚು ಮಾಡುತ್ತಿರಿ.

ಈಗ ಮುಖ್ಯ ವಿಷಯ. ಒಂದು ಟ್ಯೂಷನ್ ಸಂಸ್ಥೆ. ಹೆಸರು ಬೇಡ, ಊರೂ ಬೇಡ. ನಾನು, ನನ್ನ ಗೆಳತಿ ಒಂದೇ ದಿನ ಹಿಂದೆ ಮುಂದೆ ಸಾಲಲ್ಲಿ ನಿಂತು ಫೀಸು ಕಟ್ಟಿದೆವು. ರಸೀದಿಯ ಲಿಂಕು ಎಸ್ಎಂಎಸ್‌ನಲ್ಲಿ ಬಂತು. ಅವಳು ತನ್ನ ಲಿಂಕನ್ನು ನನಗೆ ಫಾರ್ವರ್ಡ್ ಮಾಡಿ, ಪ್ರಿಂಟ್ ತೆಗೆದುಕೊಡು ಅಂದಳು. ನನ್ನ ಫೋನಿನಲ್ಲಿ ಒತ್ತಿದೆ. ಪಾಸ್‌ವರ್ಡ್ ಕೇಳಲಿಲ್ಲ, ಒಟಿಪಿ ಕೇಳಲಿಲ್ಲ, ಸೀದಾ ತೆರೆಯಿತು. ಅವಳ ಹೆಸರು, ಫೋಟೋ, ಅಮ್ಮನ ಫೋನ್ ನಂಬರು, ಮನೆ ವಿಳಾಸ, ಆಧಾರ್ ನಂಬರು. ಲಿಂಕಿನ ಕೊನೆಯಲ್ಲಿ ರಸೀದಿ ನಂಬರು. ನನ್ನದಕ್ಕಿಂತ ಒಂದು ಜಾಸ್ತಿ.

ಇದರ ಅರ್ಥ ಹೇಳಬೇಕಾಗಿಲ್ಲ ಅಲ್ವಾ? ಕೊನೆಯ ಅಂಕಿ ಬದಲಿಸುತ್ತಾ ಹೋದರೆ ಅಲ್ಲಿ ಓದುವ ಪ್ರತಿಯೊಂದು ಮಗುವಿನ ವಿವರವೂ ಸಿಗುತ್ತೆ. ನಾನು ಬದಲಿಸಲಿಲ್ಲ. ಅವಳದು, ನನ್ನದು, ಎರಡು ಸಾಕು. ಕೇಳಿದವರು ಆ ರಸೀದಿಯ ಒಡೆಯರೇನಾ ಅಂತ ಸರ್ವರು ನೋಡದೇ ಬಿಡುವ ಈ ಲೋಪ ಹೊಸದೇನಲ್ಲ. ವೆಬ್‌ಸೈಟುಗಳ ಹತ್ತು ದೊಡ್ಡ ಅಪಾಯಗಳು ಅಂತ ಸಾಫ್ಟ್‌ವೇರ್ ಭದ್ರತೆಗಾಗಿ ಕೆಲಸ ಮಾಡುವ ಓವಾಸ್ಪ್ ಸಂಸ್ಥೆ 2021ರಲ್ಲಿ ಮಾಡಿದ ಪಟ್ಟಿಯಲ್ಲಿ ಈ ಜಾತಿಯ ಲೋಪವೇ ಮೊದಲನೆಯದು.

ವರದಿ ಬರೆದೆ. ಎಲ್ಲಿದೆ, ಹೇಗೆ ಕಂಡಿತು, ಏನು ಮಾಡಿದರೆ ಸರಿಹೋಗುತ್ತೆ. ಲಾಗಿನ್ ಕೇಳಿ, ರಸೀದಿ ಅವರದ್ದೇನಾ ಅಂತ ನೋಡಿ, ಅಲ್ಲಿಯವರೆಗೆ ಆಧಾರ್ ನಂಬರು ತೆಗೆದುಬಿಡಿ ಅಂತ ವಿನಯದಿಂದಲೇ ಬರೆದೆ. ಅವರ ಸೈಟಿನಲ್ಲಿ ಇದ್ದದ್ದು ಅಡ್ಮಿಷನ್ನಿನ ಇಮೇಲು ಒಂದೇ. ಉತ್ತರ ಅಪ್ಪನ ಫೋನಿಗೆ ಬಂತು. "ನಿಮ್ಮ ಮಗಳು ನಮ್ಮ ವೆಬ್‌ಸೈಟ್ ಹ್ಯಾಕ್ ಮಾಡಿದಾಳೆ, ಕರ್ಕೊಂಡು ಬನ್ನಿ." ಅಪ್ಪ ಗೂಡು ಬೇಯುತ್ತಿದ್ದ ಬೇಸಿನ್ನು ಬಿಟ್ಟು ಹಾಗೇ ಬಂದರು. ಮೈಯೆಲ್ಲ ಅದೇ ವಾಸನೆ. ಆಫೀಸಿನಲ್ಲಿ ಅವರನ್ನು ಕೂರಿಸಲೂ ಇಲ್ಲ. ಸೈಬರ್ ಅಪರಾಧ ನೋಡುವ ಸೆನ್ ಪೊಲೀಸ್ ಠಾಣೆಗೆ ದೂರು ಕೊಡುತ್ತೇವೆ, ಮಗಳ ಭವಿಷ್ಯ ನೋಡ್ಕೊಳ್ಳಿ ಅಂದರು. ಅಪ್ಪ ನನ್ನನ್ನು ಕೇಳಿದ್ದು ಒಂದೇ ಮಾತು. "ಬೀಗ ಮುರಿದ್ಯೇನಮ್ಮ?" ಬೀಗ ಇರಲೇ ಇಲ್ಲ ಅಪ್ಪ ಅಂದೆ. ಅಪ್ಪ ಅದನ್ನೇ ಅವರಿಗೆ ಹೇಳಿದರು. ಆಮೇಲೆ ನಾನು ಕಂಪ್ಯೂಟರ್ ಭದ್ರತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್‌ಗೆ ಬರೆದೆ. ಸ್ವೀಕೃತಿ ಬಂತು. ಕೆಲವು ದಿನಕ್ಕೆ ಆ ಲಿಂಕು ಒಟಿಪಿ ಕೇಳಲು ಶುರು ಮಾಡಿತು. ನಮಗೆ ಯಾರೂ ಏನೂ ಹೇಳಲಿಲ್ಲ.

ಅವರಿಗೆ ಭಯವಾಗಿರಬಹುದು, ಅದು ನನಗೆ ಅರ್ಥವಾಗುತ್ತೆ. ಕಾನೂನೂ ಇಲ್ಲಿ ಪೂರ್ತಿ ತಿಳಿಯಾಗಿಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಸೆಕ್ಷನ್ ಒಡೆಯರ ಅನುಮತಿ ಇಲ್ಲದೆ ಕಂಪ್ಯೂಟರ್ ವ್ಯವಸ್ಥೆಯೊಳಗೆ ಹೋಗುವುದನ್ನು ಒಪ್ಪುವುದಿಲ್ಲ. ಅದೇ ಕೆಲಸವನ್ನು ಅಪ್ರಾಮಾಣಿಕವಾಗಿ ಅಥವಾ ವಂಚನೆಯಿಂದ ಮಾಡಿದರೆ 66ನೇ ಸೆಕ್ಷನ್ ಪ್ರಕಾರ 3 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಆದರೆ ಕಾಯ್ದೆ ಆ ಕಡೆಗೂ ಇದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18ರ ಒಳಗಿನವರೆಲ್ಲ ಮಕ್ಕಳು. ಜನರ ವಿವರಗಳನ್ನು ಸರಿಯಾಗಿ ಕಾಪಾಡದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೂ ದಂಡ ಹಾಕಲು ಅದರಲ್ಲಿ ಅವಕಾಶವಿದೆ. ಅಪ್ಪನನ್ನು ನಿಲ್ಲಿಸಿ ಮಾತಾಡಿದವರಿಗೆ ಇದು ಗೊತ್ತಿರಲಿಲ್ಲ ಅಂತ ಕಾಣುತ್ತೆ.

ನಮ್ಮಲ್ಲಿ ಮಾತ್ರ ಹೀಗೆ ಅಂತಲ್ಲ. 2017ರಲ್ಲಿ ಹಂಗೇರಿಯ ಬುಡಾಪೆಸ್ಟ್‌ನಲ್ಲಿ 18ರ ಹುಡುಗನೊಬ್ಬ ಅಲ್ಲಿನ ಸಾರಿಗೆ ಸಂಸ್ಥೆಯ ಆನ್‌ಲೈನ್ ಟಿಕೆಟ್ಟಿನ ಬೆಲೆಯನ್ನು ಕೊಳ್ಳುವವರೇ ಬದಲಿಸಬಹುದು ಅಂತ ಕಂಡುಹಿಡಿದ. 9,500 ಫೋರಿಂಟಿನ ಪಾಸು 50 ಫೋರಿಂಟಿಗೆ ಸಿಕ್ಕಿತ್ತು. ಅವನೇ ಸಂಸ್ಥೆಗೆ ತಿಳಿಸಿದ. ಪೊಲೀಸರು ಅವನನ್ನೇ ಹಿಡಿದರು. ಜನ ರೊಚ್ಚಿಗೆದ್ದು ಸಂಸ್ಥೆಯ ಫೇಸ್‌ಬುಕ್ ಪುಟಕ್ಕೆ ಒಂದೇ ಸ್ಟಾರ್ ಕೊಡುತ್ತಾ ಹೋದರು. ನೆದರ್ಲೆಂಡ್ಸ್‌ನವರದು ಬೇರೆ ದಾರಿ. ಲೋಪ ತಿಳಿಸುವವರ ಜೊತೆ ಹೇಗೆ ನಡೆದುಕೊಳ್ಳಬೇಕು ಅಂತ 2013ರಲ್ಲೇ ಮಾರ್ಗಸೂಚಿ ಮಾಡಿಕೊಂಡರು. ಸರ್ಕಾರಿ ವೆಬ್‌ಸೈಟಿನ ಲೋಪ ತಿಳಿಸಿದವರಿಗೆ ಟಿ-ಶರ್ಟು ಕಳಿಸುತ್ತಾರೆ. 'ನಾನು ಡಚ್ ಸರ್ಕಾರವನ್ನು ಹ್ಯಾಕ್ ಮಾಡಿದೆ, ಸಿಕ್ಕಿದ್ದು ಈ ದರಿದ್ರ ಟಿ-ಶರ್ಟು ಮಾತ್ರ' ಅಂತ ಅದರ ಮೇಲೆ ಬರೆದಿರುತ್ತೆ. ಅದೊಂದು ಸಿಕ್ಕರೆ ನಾನು ಕಾಲೇಜಿಗೇ ಹಾಕಿಕೊಂಡು ಹೋಗುತ್ತೇನೆ.

ನಮ್ಮ ಜಿಲ್ಲೆಯ ಕಾಲೇಜು, ಟ್ಯೂಷನ್ ಸೆಂಟರು, ಸೊಸೈಟಿ, ನರ್ಸಿಂಗ್ ಹೋಂಗಳಿಂದ ನಾನು ಟಿ-ಶರ್ಟು ಕೇಳುತ್ತಿಲ್ಲ. ವೆಬ್‌ಸೈಟಿನಲ್ಲಿ ಸೆಕ್ಯುರಿಟಿ.ಟಿಎಕ್ಸ್‌ಟಿ (security.txt) ಅನ್ನುವ ಒಂದು ಪುಟ್ಟ ಫೈಲು ಹಾಕಿ. 2022ರಲ್ಲಿ ಇದಕ್ಕೊಂದು ನಿಗದಿತ ರೂಪವೂ ಬಂದಿದೆ. ಲೋಪ ಕಂಡರೆ ಯಾವ ಇಮೇಲಿಗೆ ಬರೆಯಬೇಕು, ಆ ಫೈಲು ಯಾವ ದಿನಾಂಕದವರೆಗೆ ನಡೆಯುತ್ತೆ, ಈ ಎರಡು ಸಾಲು ಇದ್ದರೆ ಸಾಕು. ಖರ್ಚು ಸೊನ್ನೆ. ಬಂದ ಪತ್ರವನ್ನು ವೆಬ್‌ಸೈಟ್ ಮಾಡಿದವರಿಗೆ ಒಬ್ಬರು ತಲುಪಿಸಬೇಕು, 'ಸಿಕ್ಕಿತು' ಅಂತ ಒಂದು ಸಾಲು ಉತ್ತರ ಬರೆಯಬೇಕು. ಬರೆದವರಿಗೆ 17 ವರ್ಷವಾದರೂ ಸರಿ, 70 ಆದರೂ ಸರಿ, ಅವರ ಅಪ್ಪನಿಗೆ ಫೋನ್ ಮಾಡಬಾರದು.

ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು ಕಡೆಯ ಯಾವ ಶಾಲೆ ಕಾಲೇಜಿನವರು ಕೇಳಿದರೂ ಆ ಫೈಲು ಬರೆದುಕೊಡಲು ನಾನು ತಯಾರು. ದುಡ್ಡು ಬೇಡ. ನಿಮ್ಮ ಕಚೇರಿಗೆ ಬರೆದರೆ ನನಗೆ ತಲುಪಿಸುತ್ತೀರಿ ಅಂದುಕೊಂಡಿದ್ದೇನೆ. ಆದರೆ ಪರೀಕ್ಷೆ ಮುಗಿಯಲಿ. ಅಮ್ಮ ಲ್ಯಾಪ್‌ಟಾಪನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರೆ. ಆ ಬೀಗ ಗಟ್ಟಿಯಾಗಿದೆ, ಅಲ್ಲಾಡಿಸಿ ನೋಡಿದ್ದೇನೆ.

ಇಂತಿ,
ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ಶಿಡ್ಲಘಟ್ಟ

(ವಿ.ಸೂ.: ಪೂರ್ತಿ ಹೆಸರು, ವಿಳಾಸ ಪ್ರತ್ಯೇಕ ಹಾಳೆಯಲ್ಲಿದೆ. ದಯವಿಟ್ಟು ಪ್ರಕಟಿಸಬೇಡಿ. ಅಪ್ಪ ನಾಳೆಯೂ ಮಾರುಕಟ್ಟೆಗೆ ಹೋಗಬೇಕು.)