ತಂಬೂರಿಯಿಂದ ಸಿತಾರಿನ ದನಿ: ನಮ್ಮೂರಿನ ಹೆಸರಿಟ್ಟ ಧಾರಾವಾಹಿಯ ಬಗ್ಗೆ ಒಂದು ದೂರು

ಗೆ,
ಕಾರ್ಯಕ್ರಮ ವಿಭಾಗದ ಮುಖ್ಯಸ್ಥರು ಮತ್ತು ದೂರು ಅಧಿಕಾರಿಗಳು

ವಿಷಯ: ರಾತ್ರಿ ಎಂಟೂವರೆಯ ನಿಮ್ಮ ಧಾರಾವಾಹಿಯಲ್ಲಿ ಧಾರವಾಡದ ಸಂಗೀತವನ್ನು ತೋರಿಸುತ್ತಿರುವ ರೀತಿ

ಮಾನ್ಯರೇ,

ನಾನು ಧಾರವಾಡದ ಮಾಳಮಡ್ಡಿಯವನು. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತನಾದವನು. ಹಾಡುಗಾರ ಅಲ್ಲ. ನಾನು ಬಾಯಿ ತೆಗೆದರೆ ಮನೆಯವರೇ ಎದ್ದು ಅಡುಗೆಮನೆಗೆ ಹೋಗುತ್ತಾರೆ. ಆದರೆ ಐವತ್ತು ವರ್ಷದಿಂದ ಜಮಖಾನೆಯ ಮೇಲೆ ಕೂತು ಹಿಂದೂಸ್ತಾನಿ ಹಾಡು ಕೇಳಿದ್ದೇನೆ. ಮಲ್ಲಿಕಾರ್ಜುನ ಮನ್ಸೂರರನ್ನು ಎದುರಿಗೆ ಕೂತು ಕೇಳಿದ ತಲೆಮಾರು ನಮ್ಮದು. ಕೇಳುಗನ ದೂರು ಅಂತಲೇ ಇದನ್ನು ಓದಿ.

ನಿಮ್ಮ ಧಾರಾವಾಹಿ ನಮ್ಮೂರಿನದು, ಸಂಗೀತದ ಮನೆತನದ ಕಥೆ ಎಂದು ಜಾಹೀರಾತು ಬಂದಾಗ ನಮ್ಮ ಓಣಿಯಲ್ಲಿ ಸಣ್ಣ ಹಬ್ಬವೇ ಆಗಿತ್ತು. ಮೊದಲ ದಿನ ನಮ್ಮ ಮನೆಯಲ್ಲಿ ಹನ್ನೊಂದು ಜನ ಕೂತು ನೋಡಿದೆವು. ಈಗ ನಾನೊಬ್ಬನೇ ನೋಡುತ್ತೇನೆ. ಅದೂ ಪೆನ್ನು, ನೋಟ್‌ಬುಕ್ ಹಿಡಿದುಕೊಂಡು. ಉತ್ತರಪತ್ರಿಕೆ ತಿದ್ದಿದ ಚಾಳಿ, ಬಿಡುವುದಿಲ್ಲ.

ತಂಬೂರಿಯಿಂದಲೇ ಶುರು ಮಾಡುತ್ತೇನೆ. ನಿಮ್ಮ ನಾಯಕ ತಂಬೂರಿಯನ್ನು ಗಿಟಾರಿನ ಹಾಗೆ ಅಡ್ಡ ಹಿಡಿದು, ಅದರ ಮೇಲೆ ಬೆರಳು ಓಡಿಸಿ ಒಂದು ಧಾಟಿ ನುಡಿಸುತ್ತಾನೆ. ಹಿನ್ನೆಲೆಯಲ್ಲಿ ಕೇಳುವುದು ಸಿತಾರು. ತಂಬೂರಿಯಲ್ಲಿ ಧಾಟಿ ನುಡಿಸುವುದಿಲ್ಲ. ಅದಕ್ಕೆ ಸಿತಾರಿನ ಹಾಗೆ ಸ್ವರದ ಮೆಟ್ಟಿಲೇ ಇಲ್ಲ. ನಾಲ್ಕು ತಂತಿ, ಒಂದಾದ ಮೇಲೊಂದು, ಒಂದೇ ಹದದಲ್ಲಿ ಮೀಟುತ್ತಾ ಇರಬೇಕು, ಅಷ್ಟೇ. ಹಾಡುವವರಿಗೆ ಅದು ನೆಲ ಇದ್ದಂತೆ. ತಂತಿಗಳನ್ನು ಹೊರುವ ಕುದುರೆಯ ಮೇಲೆ, ತಂತಿಯ ಕೆಳಗೆ ಒಂದು ಎಳೆ ದಾರ ಇಟ್ಟು, ಕೂದಲೆಳೆಯಷ್ಟು ಸರಿಸಿ ಸರಿಸಿ ಜವಾರಿ, ಅಂದರೆ ತಂತಿಯ ಝೇಂಕಾರ, ಕೂಡಿಸುತ್ತಾರಲ್ಲ, ಅದನ್ನು ಎರಡು ನಿಮಿಷ ಸುಮ್ನೆ ತೋರಿಸಿದ್ದರೂ ಸಾಕಿತ್ತು. ದಾರ ಸರಿಯಾಗಿ ಕೂತ ಕ್ಷಣ ಕೋಣೆಯ ಗಾಳಿಯೇ ಬೇರೆ ಆಗುತ್ತದೆ. ಮಿರಜಿನಲ್ಲಿ ತಂಬೂರಿ ಮಾಡುವವರ ಓಣಿಯೇ ಇದೆ, ಇಲ್ಲಿಂದ ರೈಲಿನಲ್ಲಿ ಹೋಗಿ ಬರಬಹುದು. ನಿಮ್ಮ ಕ್ಯಾಮೆರಾದವರು ಹೋಗಲಿಲ್ಲ.

ಇನ್ನು ಹೊತ್ತಿನ ವಿಷಯ. ಆರನೆಯ ಎಪಿಸೋಡಿನಲ್ಲಿ ಕೋಳಿ ಕೂಗುತ್ತದೆ, ಅಂಗಳಕ್ಕೆ ನೀರು ಹಾಕುತ್ತಾರೆ, ನಾಯಕಿ ಸ್ನಾನ ಮಾಡಿ ಬಂದು ಕೂತು ಮಾಲಕಂಸ ಹಾಡುತ್ತಾಳೆ. ಮಾಲಕಂಸ ನಡುರಾತ್ರಿಯ ರಾಗ. ನಮ್ಮಲ್ಲಿ ಬೆಳಗ್ಗೆ ಭೈರವ, ಬಿಸಿಲೇರಿದ ಮೇಲೆ ತೋಡಿ, ಮಧ್ಯಾಹ್ನಕ್ಕೆ ಸಾರಂಗ, ಇಳಿಹೊತ್ತಿಗೆ ಮುಲ್ತಾನಿ, ದೀಪ ಹಚ್ಚುವ ಹೊತ್ತಿಗೆ ಯಮನ್. ಇದು ಪಂಡಿತರ ಗುಟ್ಟೇನಲ್ಲ. ರೇಡಿಯೋ ಕೇಳಿ ಬೆಳೆದವರಿಗೆಲ್ಲ ಗೊತ್ತು. ಆಕಾಶವಾಣಿ ಧಾರವಾಡ 1950ರಿಂದ ನಮಗೆ ಹಾಡು ಕೇಳಿಸುತ್ತಿದೆ. ನಮ್ಮ ಅವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೂ ರೇಡಿಯೋದಲ್ಲಿ ಸಾರಂಗ ಬಂತೆಂದರೆ 'ಅನ್ನಕ್ಕಿಡೋ ಹೊತ್ತಾತು' ಎಂದು ಏಳುತ್ತಿದ್ದಳು.

ಮುಂದೆ ಮೃದಂಗ. ಖಯಾಲು ಹಿಂದೂಸ್ತಾನಿ ಹಾಡು, ಅದಕ್ಕೆ ಜೊತೆ ತಬಲಾ; ಮೃದಂಗ ಕರ್ನಾಟಕ ಸಂಗೀತದ್ದು. ಖಯಾಲು ಹಾಡುವವಳ ಪಕ್ಕದಲ್ಲಿ ಮೃದಂಗ ಯಾಕೆ? ಮೃದಂಗ ನಮ್ಮೂರಿಗೆ ಹೊರಗಿನದು ಅಂತ ನಾನು ಹೇಳುತ್ತಿಲ್ಲ. ಗಂಗೂಬಾಯಿ ಹಾನಗಲ್ಲರ ತಾಯಿ ಅಂಬಾಬಾಯಿ ಹಾಡುತ್ತಿದ್ದದ್ದೇ ಕರ್ನಾಟಕ ಸಂಗೀತ. ಮಗಳು ಹಿಂದೂಸ್ತಾನಿ ಕಲಿಯಲು ಶುರು ಮಾಡಿದಾಗ, ಅವಳ ಕಿವಿ ಎರಡು ದಾರಿಗೆ ಎಳೆಯದಿರಲಿ ಎಂದು ಆ ತಾಯಿ ತನ್ನ ಹಾಡನ್ನೇ ನಿಲ್ಲಿಸಿದರು. ಒಬ್ಬ ಹಾಡುಗಾರ್ತಿ ಮಗಳಿಗಾಗಿ ತನ್ನ ಗಂಟಲನ್ನು ಸುಮ್ಮನಾಗಿಸಿದಳು. ಇಂಥದ್ದು ಕಣ್ಣೆದುರಿಗೆ ಬಿದ್ದಿರುವಾಗ ನೀವು ಯಾರೋ ಹಾಲಿಗೆ ವಿಷ ಬೆರೆಸಿ ನಾಯಕಿಯ ದನಿ ಹೋಗುವ ಕಥೆಯನ್ನು ಮೂರು ವಾರ ಎಳೆದಿರಿ.

ದನಿ ಎಂದರೆ ಇನ್ನೊಂದು ಮಾತು. ನಿಮ್ಮ ಧಾರಾವಾಹಿಯಲ್ಲಿ ಅಜ್ಜಿಯಿಂದ ಮೊಮ್ಮಗಳವರೆಗೆ ಎಲ್ಲ ಹೆಂಗಸರೂ ಒಂದೇ ಸಣ್ಣ, ಸಿಹಿ ಸಿನಿಮಾ ದನಿಯಲ್ಲಿ ಹಾಡುತ್ತಾರೆ. ಜಗತ್ತಿಗೆ ನಮ್ಮ ಕಡೆಯಿಂದ ಹೋದ ದೊಡ್ಡ ಹೆಣ್ಣು ದನಿ ಯಾವುದು? ಗಂಗೂಬಾಯಿಯವರದು. ಕಣ್ಣು ಮುಚ್ಚಿ ಕೇಳಿದರೆ ಗಂಡಸು ಹಾಡುತ್ತಿದ್ದಾರೆ ಎನಿಸುವ, ಬಾವಿಯ ತಳದಿಂದ ಬಂದಂಥ ದನಿ. ಹೆಣ್ಣಿನ ದನಿ ಹೀಗೂ ಇರಬಹುದು ಎಂದು ಇಡೀ ದೇಶ ಒಪ್ಪಿತು. ಆಕೆ ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರ ಹತ್ತಿರ ಪಾಠ ಮಾಡಿಸಿಕೊಂಡು ಬರುತ್ತಿದ್ದರು. ದಾರಿಯಲ್ಲಿ ಜನ ಆಡಿಕೊಂಡು ನಗುತ್ತಿದ್ದರು. ರಾತ್ರಿ ವಾಪಸ್ ಹೊರಟಾಗ ಸ್ಟೇಷನ್ ತನಕ ಬಿಡಲು ಬರುತ್ತಿದ್ದ ಗುರುಮನೆಯ ಹುಡುಗನ ಹೆಸರು ಭೀಮಸೇನ ಜೋಶಿ. ಒಂದು ಕಂದೀಲು, ಒಂದು ಸಣ್ಣ ಸ್ಟೇಷನ್, ಇಬ್ಬರು ಶಿಷ್ಯರು. ನಿಮ್ಮ ಸೆಟ್ಟಿನ ಖರ್ಚೂ ಉಳಿಯುತ್ತಿತ್ತು ಅಲ್ವಾ?

ನನಗೆ ಬಹಳ ಬೇಸರವಾದದ್ದು ಉಸ್ತಾದರ ಪಾತ್ರ ನೋಡಿ. ಬೇರೆ ತಪ್ಪುಗಳನ್ನು ನಗುತ್ತಾ ಬರೆಯಬಹುದು, ಇದನ್ನು ಆಗುವುದಿಲ್ಲ. ನೂರಾರು ಎಪಿಸೋಡುಗಳ ಕಥೆಯಲ್ಲಿ ಒಬ್ಬನೇ ಒಬ್ಬ ಮುಸಲ್ಮಾನ ಗವಾಯಿ ಬರುತ್ತಾನೆ. ಕಣ್ಣಿಗೆ ಸುರ್ಮಾ, ಬಾಯಲ್ಲಿ ಪಾನ್. ಬಂದವನು ಮಾಡುವುದು ಒಂದೇ ಕೆಲಸ: ನಾಯಕಿಯ ಮನೆತನದ 'ರಹಸ್ಯ ಬಂದಿಶ್' (ರಾಗದಲ್ಲಿ ಕಟ್ಟಿದ ಹಾಡು) ಬರೆದ ಪುಸ್ತಕವನ್ನು ಕದಿಯುವುದು.

ಸ್ವಾಮಿ, ನಮ್ಮ ಊರಿಗೆ ಈ ಸಂಗೀತವನ್ನು ತಂದುಕೊಟ್ಟವರಲ್ಲಿ ದೊಡ್ಡ ಪಾಲು ಆ ಉಸ್ತಾದರದೇ. ಕುಂದಗೋಳದ ರಾಮಭಾವು ಎಂಬ ಬ್ರಾಹ್ಮಣರ ಹುಡುಗನನ್ನು ಸವಾಯಿ ಗಂಧರ್ವ ಮಾಡಿದವರು ಅಬ್ದುಲ್ ಕರೀಂ ಖಾನರು. ಮನ್ಸೂರರದು ಲಿಂಗಾಯತರ ಮನೆ. ಮಿರಜಿನಲ್ಲಿ ನೀಲಕಂಠಬುವಾ ಅವರ ಹತ್ತಿರ ಗ್ವಾಲಿಯರ್ ಪದ್ಧತಿ ಕಲಿತ ಮೇಲೆ ಅವರಿಗೆ ಜೈಪುರ ಘರಾಣೆಯ, ಅಂದರೆ ಆ ಹಾಡಿಕೆಯ ಪರಂಪರೆಯ, ಬಾಗಿಲು ತೆರೆದವರು ಅಲ್ಲಾದಿಯಾ ಖಾನರ ಮಕ್ಕಳು, ಮಂಜೀಖಾನ್ ಮತ್ತು ಬುರ್ಜೀಖಾನ್. ಸಿತಾರ ರತ್ನ ಎನಿಸಿದ ರಹಿಮತ್ ಖಾನರು ಧಾರವಾಡಕ್ಕೆ ಬಂದು ನೆಲೆನಿಂತರು. ಅವರ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು ಸಿತಾರು ಹಿಡಿದರು. ಇವರ ಹತ್ತಿರ ಕಲಿತ ಹುಡುಗರ ಜಾತಿ ಲೆಕ್ಕ ಮಾಡಲು ಕೂತರೆ ನನ್ನ ಗಣಿತ ಸಾಲದು. ಅವರು ಕದ್ದವರಲ್ಲ, ಕೊಟ್ಟವರು. ಕೊಡುವುದರಲ್ಲಿ ಜಿಪುಣತನ ಮಾಡಿದ ಗುರುಗಳು ಇರಲಿಲ್ಲವೇ ಎಂದರೆ ಇದ್ದರು, ಎಲ್ಲ ಜಾತಿಯಲ್ಲೂ ಇದ್ದರು. ಆದರೆ ಒಬ್ಬನನ್ನೇ ತೋರಿಸಿ, ಅವನನ್ನೇ ಕಳ್ಳನನ್ನಾಗಿ ಮಾಡಿದರೆ ಅದಕ್ಕೆ ಏನೆನ್ನಬೇಕು, ನೀವೇ ಹೇಳಿ.

ಕಣ್ಣಿಲ್ಲದ ಹಾಡುಗಾರನ ಪಾತ್ರವೂ ಹೀಗೆಯೇ. ದೇವಸ್ಥಾನದ ಮೆಟ್ಟಿಲ ಮೇಲೆ ಅಳುತ್ತಾ ಕೂರುವುದು, ಆಪರೇಷನ್‌ಗೆ ದುಡ್ಡು ಬೇಡುವುದು. ಇಲ್ಲಿಂದ ಬಸ್ಸು ಹತ್ತಿದರೆ ಗದಗ. ಅಲ್ಲಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಎಷ್ಟು ಮಕ್ಕಳಿಗೆ ಅನ್ನ ಹಾಕಿ ಹಾಡು ಕಲಿಸಿದರು! ಇಬ್ಬರಿಗೂ ಕಣ್ಣಿರಲಿಲ್ಲ. ಬಸವರಾಜ ರಾಜಗುರು ಅವರು ಪಂಚಾಕ್ಷರಿ ಗವಾಯಿಗಳ ಶಿಷ್ಯರು. ನಮ್ಮ ಕಡೆ ಕಣ್ಣಿಲ್ಲದ ಗವಾಯಿ ಎಂದರೆ ಕಲಿಸುವವರು ಎಂದು ಅರ್ಥ.

ಪ್ರತಿ ವಾರ ಒಂದು ಗಂಭೀರ ದನಿ ಹಿನ್ನೆಲೆಯಲ್ಲಿ ಹೇಳುತ್ತದೆ: 'ಇದು ಧಾರವಾಡದ ನೀರಿನ ಗುಣ.' ನಮ್ಮ ಓಣಿಯ ನಲ್ಲಿಗೆ ನೀರು ಬರುವುದು ನಾಲ್ಕೈದು ದಿನಕ್ಕೊಮ್ಮೆ. ಅಷ್ಟು ಗುಣ ಅದರಲ್ಲಿದ್ದರೆ ನಾನೂ ಒಂದು ರಾಗ ಹಾಡುತ್ತಿದ್ದೆ. ನೀರಿನಿಂದ ಬಂದದ್ದಲ್ಲ ಇದು. ಈ ಸೀಮೆ 1956ರ ತನಕ ಮುಂಬೈ ಕಡೆಗೆ ಸೇರಿತ್ತು. ಮಿರಜ, ಪುಣೆಯ ರೈಲು ಇತ್ತು. ಆ ರೈಲಿನಲ್ಲಿ ಮರಾಠಿ ನಾಟಕ ಕಂಪನಿಗಳು ಬಂದವು, ನಾಟಕದ ಹಾಡು ಬಂತು. ಮೈಸೂರು ಅರಮನೆಗೆ ಹಾಡಲು ಹೋಗುವ ಉಸ್ತಾದರು ದಾರಿಯಲ್ಲಿ ಇಲ್ಲಿ ಇಳಿಯುತ್ತಿದ್ದರು. ಅವರನ್ನು ಉಳಿಸಿಕೊಂಡು ಊಟ ಹಾಕಿ ಹಾಡಿಸಿದ ವಾಡೆಗಳು, ಅಂದರೆ ದೊಡ್ಡ ಮನೆಗಳು, ಇದ್ದವು. ಕುಂದಗೋಳದ ನಾಡಗೀರ ವಾಡೆ ಈಗಲೂ ಇದೆ, ಹೋಗಿ ನೋಡಬಹುದು. ಊಟ ಹಾಕುವವರು ಮತ್ತು ಕೂತು ಕೇಳುವವರು ಇಲ್ಲದಿದ್ದರೆ ಉಸ್ತಾದರು ಮುಂದಿನ ರೈಲು ಹತ್ತುತ್ತಿದ್ದರು.

ಆ ಕೇಳುವವರೇ ನಿಮ್ಮ ಧಾರಾವಾಹಿಯಲ್ಲಿ ಇಲ್ಲ. ನಿಮ್ಮಲ್ಲಿ ಹಾಡು ಎಂದರೆ ವೇದಿಕೆ, ಬಣ್ಣದ ದೀಪ, ನಲವತ್ತು ಸೆಕೆಂಡ್ ತಾನ್ ಎಂಬ ಸ್ವರಗಳ ಓಟ, ಜನ ಎದ್ದು ನಿಂತು ಚಪ್ಪಾಳೆ, ಮೇಲಿಂದ ಹೂವು. ನಿಜವಾದ ಬೈಠಕ್ಕಿನಲ್ಲಿ, ಅಂದರೆ ನೆಲದ ಮೇಲೆ ಕೂತು ಕೇಳುವ ಕಚೇರಿಯಲ್ಲಿ, ನನ್ನ ಪಕ್ಕ ಕೂರುತ್ತಿದ್ದ ಒಬ್ಬ ಹಿರಿಯರು ಇಡೀ ಬೆಳಗ್ಗೆ ಬಾಯಿ ಬಿಡುತ್ತಿರಲಿಲ್ಲ. ತೊಡೆಯ ಮೇಲೆ ಬೆರಳಿನಿಂದ ತಾಳದ ಮಾತ್ರೆ ಎಣಿಸುತ್ತಿದ್ದರು. ಹಾಡುವವರು ಸುತ್ತಿ ಸುತ್ತಿ ಕೊನೆಗೆ ಯಾರೂ ನೆನೆಸದ ಕಡೆಯಿಂದ ಸಮ್‌ಗೆ, ಅಂದರೆ ತಾಳದ ಮೊದಲ ಮಾತ್ರೆಗೆ, ಬಂದು ಬಿದ್ದಾಗ 'ಹ್ಞಾಂ' ಎನ್ನುತ್ತಿದ್ದರು. ಒಂದೇ ಸಲ. ಹಾಡುವವರು ಅವರ ಕಡೆ ತಿರುಗಿ ನಗುತ್ತಿದ್ದರು. ಆ 'ಹ್ಞಾಂ'ಗಾಗಿಯೇ ಹಾಡುತ್ತಿದ್ದರೋ ಏನೋ. ಅವರು ಅಂಚೆ ಕಚೇರಿಯಲ್ಲಿ ಗುಮಾಸ್ತರು.

ಒಂದು ಖಯಾಲು ಬೆಳೆಯಲು ಮುಕ್ಕಾಲು ಗಂಟೆ ಬೇಕು. ನಿಮ್ಮ ಹತ್ತಿರ ಜಾಹೀರಾತು ಬಿಟ್ಟರೆ ಇಪ್ಪತ್ತೆರಡು ನಿಮಿಷ. ಅದು ಗೊತ್ತು. ಪೂರ್ತಿ ಕೇಳಿಸಿ ಎನ್ನುತ್ತಿಲ್ಲ. ಆದರೆ ಅತ್ತೆಯ ಮುಖವನ್ನು ಮೂರು ಕಡೆಯಿಂದ, ಮೂರು ಸಲ 'ಧಡ್' ಎಂಬ ಸದ್ದಿನೊಂದಿಗೆ ತೋರಿಸಲು ಹೊತ್ತು ಸಿಗುವಾಗ, ವಿಲಂಬಿತದ, ಅಂದರೆ ನಿಧಾನ ಲಯದ, ತಾಳದ ಒಂದು ಸುತ್ತಿಗೆ ಸಿಗುವುದಿಲ್ಲವೇ?

ಭಾಷೆಯ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಧಾರವಾಡದ ಕಥೆಯಲ್ಲಿ ಧಾರವಾಡದ ಕನ್ನಡ ಮಾತಾಡುವವರು ಇಬ್ಬರೇ, ಅಡುಗೆಯಾಕೆ ಮತ್ತು ಆಟೋದವನು. ಇಬ್ಬರೂ ನಗಿಸಲಿಕ್ಕೆ ಇರುವವರು. ಮನೆಯ ದೊಡ್ಡವರೆಲ್ಲ ಬೆಂಗಳೂರಿನ ಕನ್ನಡ ಆಡುತ್ತಾರೆ. ಇಲ್ಲಿ ಪ್ರೊಫೆಸರರೂ 'ಬರ್ರಿ, ಕೂಡ್ರಿ, ಚಾ ತಗೋರಿ' ಎಂದೇ ಮಾತಾಡುತ್ತಾರೆ. ಅದರಲ್ಲಿ ನಗುವಂಥದ್ದು ಏನೂ ಇಲ್ಲ. ಪೇಡೆಯ ಬಗ್ಗೆಯಂತೂ ಕೇಳಲೇಬೇಡಿ. ಯಾವ ಮನೆಯಲ್ಲೂ ಮೂರು ಹೊತ್ತು ಪೇಡೆ ತಿನ್ನುವುದಿಲ್ಲ. ಸಕ್ಕರೆ ಕಾಯಿಲೆ ನಮಗೂ ಇದೆ.

ಹೋದ ತಿಂಗಳು ನಿಮ್ಮ ಸಹಾಯವಾಣಿಗೆ ಫೋನ್ ಮಾಡಿದ್ದೆ. ಹುಡುಗ ಒಳ್ಳೆಯವನು, ಮರ್ಯಾದೆಯಿಂದ ಮಾತಾಡಿದ. ತಂಬೂರಿಯಿಂದ ಸಿತಾರಿನ ದನಿ ಬರುತ್ತಿದೆ ಎಂದೆ. 'ಸರ್, ಸೆಟ್ ಟಾಪ್ ಬಾಕ್ಸ್ ಒಮ್ಮೆ ಆಫ್ ಮಾಡಿ ಆನ್ ಮಾಡಿ' ಎಂದ. ಮಾಡಿದೆ. ಈಗಲೂ ಸಿತಾರೇ ಬರುತ್ತಿದೆ. ಎರಡನೆಯ ಸಲ ಫೋನ್ ಮಾಡಿದಾಗ ಇನ್ನೊಬ್ಬರು, 'ಇದೆಲ್ಲ ಕಾಲ್ಪನಿಕ ಅಂತ ಶುರುವಿನಲ್ಲೇ ಹಾಕುತ್ತೇವಲ್ಲ' ಎಂದರು. ಪಾತ್ರಗಳು ಕಾಲ್ಪನಿಕ, ಒಪ್ಪಿದೆ. ಊರು ಕಾಲ್ಪನಿಕ ಅಲ್ಲ. ಕಲ್ಪನೆಯೇ ಬೇಕಿದ್ದರೆ ಊರಿಗೂ ಒಂದು ಕಲ್ಪನೆಯ ಹೆಸರು ಇಡಬಹುದಿತ್ತು. ಧಾರವಾಡ ಎಂಬ ಹೆಸರಿನಿಂದ ನಿಮಗೆ ಲಾಭ ಇದೆ ಎಂದು ಗೊತ್ತಿದ್ದೇ ಇಟ್ಟಿದ್ದೀರಿ.

ನೀವು ಕಾನೂನು ಮುರಿದಿದ್ದೀರಿ ಎಂದು ನಾನು ಹೇಳುತ್ತಿಲ್ಲ. ಧಾರಾವಾಹಿ ನಿಲ್ಲಿಸಿ ಎಂದೂ ಕೇಳುತ್ತಿಲ್ಲ. ಹಾಗೆ ಕೂಗುವವರು ಬೇರೆ ಇದ್ದಾರೆ, ನಾನು ಆ ಗುಂಪಿನವನಲ್ಲ. ಕೇಳುವುದು ಇಷ್ಟೇ. ಸಂಗೀತದ ದೃಶ್ಯಗಳನ್ನು ತೆಗೆಯುವ ಮೊದಲು ಬಲ್ಲವರೊಬ್ಬರನ್ನು ಸಂಬಳ ಕೊಟ್ಟು ಕೂರಿಸಿಕೊಳ್ಳಿ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸಂಗೀತ ವಿಭಾಗವೇ ಇದೆ, ಓದಿದ ಮಕ್ಕಳು ಕೆಲಸ ಹುಡುಕುತ್ತಿದ್ದಾರೆ. ಆ ಉಸ್ತಾದರ ಪಾತ್ರವನ್ನು ಕಥೆಯೊಳಗೇ ಸರಿಪಡಿಸಿ. ಪುಸ್ತಕ ಕದ್ದದ್ದು ಬೇರೆಯವರು ಎಂದು ಮಾಡುವುದು ನಿಮಗೆ ಕಷ್ಟವಲ್ಲ, ಸತ್ತವರನ್ನೇ ಎರಡು ಸಲ ಎಬ್ಬಿಸಿದ್ದೀರಿ. ಮತ್ತೆ ಈ ಪತ್ರಕ್ಕೆ ಬರಹದಲ್ಲಿ ಉತ್ತರ ಕೊಡಿ. 2021ರ ಕೇಬಲ್ ಟಿವಿ ತಿದ್ದುಪಡಿ ನಿಯಮದ ಪ್ರಕಾರ ವೀಕ್ಷಕರ ದೂರಿಗೆ ವಾಹಿನಿ 15 ದಿನದೊಳಗೆ ಉತ್ತರಿಸಬೇಕು. ನಾನು ದಿನ ಎಣಿಸುತ್ತಿರುತ್ತೇನೆ.

ಚೆನ್ನಾಗಿರುವುದನ್ನೂ ಹೇಳಬೇಕು. ಮೂವತ್ತೊಂದನೆಯ ಎಪಿಸೋಡಿನಲ್ಲಿ ಅಜ್ಜಿ ಅಕ್ಕಿ ಆರಿಸುತ್ತಾ ಕೂತಿರುತ್ತಾಳೆ. ಹೊರಗೆ ಜಿಟಿ ಜಿಟಿ ಮಳೆ. ಒಳಕೋಣೆಯಲ್ಲಿ ಮೊಮ್ಮಗಳು ಹಾಡುವಾಗ ಗಂಧಾರ ಸ್ವರ ಸ್ವಲ್ಪ ಇಳಿಯುತ್ತದೆ. ಅಜ್ಜಿ ತಲೆ ಎತ್ತುವುದಿಲ್ಲ, ಮೊರವನ್ನು ಬೆರಳಿನಿಂದ ಒಮ್ಮೆ ಕುಟ್ಟುತ್ತಾಳೆ. ಹುಡುಗಿ ನಿಲ್ಲಿಸಿ ಮತ್ತೆ ಹಿಡಿಯುತ್ತಾಳೆ. ಮಾತೇ ಇಲ್ಲ. ಅದು ನಮ್ಮ ಮನೆ, ನಮ್ಮ ಮಳೆ. ಬರೆದವರು ಯಾರೋ ನಮ್ಮ ಕಡೆಯವರೇ ಇರಬೇಕು. ಆಮೇಲಿನ ಎಪಿಸೋಡುಗಳಲ್ಲಿ ಅವರ ಕೈ ಕಾಣಲಿಲ್ಲ. ಕೆಲಸ ಬಿಡಿಸಿದ್ದರೆ ವಾಪಸ್ ಕರೆಸಿಕೊಳ್ಳಿ.

ಇಂತಿ ನಿಮ್ಮ ವಾಹಿನಿಗೆ ತಿಂಗಳು ತಿಂಗಳು ದುಡ್ಡು ಕಟ್ಟುವ,
ಒಬ್ಬ ಕೇಳುಗ
ಮಾಳಮಡ್ಡಿ, ಧಾರವಾಡ

ವಿ.ಸೂ.: ಬರೆಯಲು ಮರೆತಿದ್ದೆ. ನಾಯಕನ ಮನೆಯ ಪಡಸಾಲೆಯಲ್ಲಿ ಗೋಡೆಗೆ ತೂಗುಹಾಕಿದ ತಂಬೂರಿ ತಲೆಕೆಳಗಾಗಿದೆ. ಸೋರೆಬುರುಡೆ ಮೇಲೆ, ತಂತಿ ಬಿಗಿಯುವ ಬಿರಡೆ ಕೆಳಗೆ. ಇದಕ್ಕೆ ಹದಿನೈದು ದಿನ ಬೇಡ, ಒಂದು ಸ್ಟೂಲು ಸಾಕು.