ನಾರಿನ ಪೂರಕ: ಪುಡಿಯೂ ಗಮ್ಮಿಯೂ ಒಂದೇ ಅಲ್ಲ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ತಮ್ಮ ಆರೋಗ್ಯ ಪುಟದಲ್ಲಿ ಕಳೆದ ವಾರ, ಊಟದಲ್ಲಿ ನಾರು ಸಾಲದವರು ತೆಗೆದುಕೊಳ್ಳುವ ನಾರಿನ ಪೂರಕಗಳ ಕುರಿತು ಬಂದ ಲೇಖನವನ್ನು ಓದಿದೆ. ಮಲಬದ್ಧತೆಯಂಥ ವಿಷಯವನ್ನು ಸಂಕೋಚವಿಲ್ಲದೆ ಅರ್ಧ ಪುಟ ಬರೆಸಿದ್ದಕ್ಕೆ ಅಭಿನಂದನೆ. ಆದರೆ ಪುಡಿ, ಕ್ಯಾಪ್ಸೂಲ್, ಮಿಠಾಯಿಯಂತೆ ಅಗಿಯುವ ಗಮ್ಮಿ ಇವುಗಳಲ್ಲಿ ನಾಲಿಗೆಗೆ ಹಿಡಿಸಿದ್ದನ್ನು ತೆಗೆದುಕೊಂಡರೆ ಸಾಕು, ಎಲ್ಲದರ ಫಲವೂ ಒಂದೇ ಎಂಬರ್ಥದ ಸಾಲೊಂದು ಅದರಲ್ಲಿತ್ತು. ಆಸ್ಪತ್ರೆಯ ಔಷಧ ವಿಭಾಗದಲ್ಲಿ ಫಾರ್ಮಸಿಸ್ಟ್ ಆಗಿ ದುಡಿದು ನಿವೃತ್ತಳಾದ ನನಗೆ ಆ ಸಾಲನ್ನು ಓದಿ ಸುಮ್ಮನಿರಲು ಆಗಲಿಲ್ಲ.

ಕೌಂಟರಿನ ಆಚೆ ನಿಂತವರು ದನಿ ತಗ್ಗಿಸಿ ಕೇಳುತ್ತಿದ್ದ ಪ್ರಶ್ನೆ ಇದು: “ಈ ಪುಡಿ ಲೋಳೆಲೋಳೆ, ಗಂಟಲಲ್ಲಿ ಇಳಿಯುವುದಿಲ್ಲ. ಇದೇ ಔಷಧ ಮಾತ್ರೆಯಲ್ಲಿ ಬರುವುದಿಲ್ಲವೇ?” ಬರುತ್ತದೆ. ಆದರೆ ಲೆಕ್ಕ ನೋಡಿ. ಆ ಪುಡಿ ಇಸಬಗೋಲು, ಒಂದು ಸಸ್ಯದ ಬೀಜದ ಹೊಟ್ಟು. ಅದರ ಒಂದು ಸಾಮಾನ್ಯ ಅಳತೆಯಲ್ಲಿ ಸುಮಾರು 3.4 ಗ್ರಾಂ ಹೊಟ್ಟು ಇರುತ್ತದೆ. ಒಂದು ಕ್ಯಾಪ್ಸೂಲಿನೊಳಗೆ ಹಿಡಿಸುವುದು ಅರ್ಧ ಗ್ರಾಮಿನ ಆಸುಪಾಸು. ಚಮಚವೊಂದರ ಕೆಲಸಕ್ಕೆ ಆರೇಳು ಕ್ಯಾಪ್ಸೂಲ್ ನುಂಗಬೇಕು. ಕೊಲೆಸ್ಟರಾಲ್ ತಗ್ಗಿಸುವ ಉದ್ದೇಶವಿದ್ದರಂತೂ ಲೆಕ್ಕ ಇನ್ನೂ ಬೆಳೆಯುತ್ತದೆ. ಹೃದ್ರೋಗದ ಅಪಾಯ ತಗ್ಗಬಹುದೆಂದು ಇಸಬಗೋಲಿನ ಪೊಟ್ಟಣದ ಮೇಲೆ ಹೇಳಿಕೊಳ್ಳಲು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 1998ರಲ್ಲಿ ಒಪ್ಪಿದ್ದು ದಿನಕ್ಕೆ 7 ಗ್ರಾಂ ಕರಗುವ ನಾರು ಸಿಗುವ ಪ್ರಮಾಣಕ್ಕೆ. ಅಷ್ಟು ಸಿಗಲು 10 ಗ್ರಾಂ ದಾಟಿ ಹೊಟ್ಟು ಬೇಕು, ಎಂದರೆ ದಿನಕ್ಕೆ ಇಪ್ಪತ್ತು ಕ್ಯಾಪ್ಸೂಲ್! ಬೆಳಿಗ್ಗೆ ಎರಡು ನುಂಗಿ, ನಾರೂ ನೋಡಿಯಾಯಿತು, ಏನೂ ಪ್ರಯೋಜನವಿಲ್ಲ ಎಂದು ಡಬ್ಬಿಯನ್ನು ಬದಿಗಿಟ್ಟವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅವರು ತೆಗೆದುಕೊಂಡದ್ದು ಒಂದು ಗ್ರಾಂ.

ಹಾಗೆಂದು ಕ್ಯಾಪ್ಸೂಲನ್ನು ನಾನು ತಳ್ಳಿಹಾಕುತ್ತಿಲ್ಲ. ಲೋಳೆ ಕಂಡರೆ ಓಕರಿಕೆ ಬರುವವರಿಗೆ, ಪ್ರಯಾಣದಲ್ಲಿ ಲೋಟ ಚಮಚ ಹುಡುಕಲಾಗದವರಿಗೆ ಅದು ಒಳ್ಳೆಯದೇ. ಸಸ್ಯಾಹಾರಿಗಳು ಮಾತ್ರ ಒಮ್ಮೆ ಡಬ್ಬಿಯ ಮೇಲಿನ ಚೀಟಿ ಓದಲಿ. ಅನೇಕ ಕ್ಯಾಪ್ಸೂಲುಗಳ ಕವಚ ಜೆಲಾಟಿನ್‌ನದು, ಅದು ಪ್ರಾಣಿಗಳ ಚರ್ಮ, ಮೂಳೆಗಳಿಂದ ಬರುವಂಥದ್ದು. ಸಸ್ಯಮೂಲದ ಕವಚವಿರುವ ಕ್ಯಾಪ್ಸೂಲುಗಳೂ ಸಿಗುತ್ತವೆ.

ಕ್ಯಾಪ್ಸೂಲಿನ ವಿಷಯದಲ್ಲಿ ನನಗೆ ಭಯವಿರುವುದು ನೀರಿನ ಬಗ್ಗೆ. ಪುಡಿಯನ್ನು ನೀರಿಲ್ಲದೆ ಕುಡಿಯಲು ಸಾಧ್ಯವೇ ಇಲ್ಲ, ಹಾಗಾಗಿ ಆ ರೂಪವೇ ನೀರು ಕುಡಿಸುತ್ತದೆ. ಕ್ಯಾಪ್ಸೂಲನ್ನಾದರೋ ಒಂದು ಗುಟುಕಿನಲ್ಲಿ ಒಳಗೆ ಕಳಿಸಿಬಿಡಬಹುದು. ಅದರೊಳಗಿರುವುದು ಅದೇ ಇಸಬಗೋಲು, ತೇವ ಸಿಕ್ಕಲ್ಲಿ ಉಬ್ಬುವುದೇ ಅದರ ಗುಣ. ನೀರು ಸಾಲದೆ ಅನ್ನನಾಳದಲ್ಲೇ ಉಬ್ಬಿದರೆ ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ. ಪ್ರತಿ ಸಲವೂ ಕನಿಷ್ಠ 240 ಮಿಲಿಲೀಟರ್, ಅಂದರೆ ದೊಡ್ಡ ಲೋಟದ ತುಂಬ ನೀರು ಎಂಬ ಎಚ್ಚರಿಕೆಯನ್ನು ಪೊಟ್ಟಣದ ಮೇಲೆ ಸುಮ್ಮನೆ ಅಚ್ಚು ಹಾಕಿಲ್ಲ. ಹರಳು ರೂಪದ ಇಸಬಗೋಲು ಹೀಗೆ ಅನ್ನನಾಳದಲ್ಲಿ ಸಿಕ್ಕಿಕೊಂಡ ಪ್ರಕರಣಗಳ ಕಾರಣದಿಂದಲೇ, ವೈದ್ಯರ ಚೀಟಿಯಿಲ್ಲದೆ ಮಾರುವ ವಿರೇಚಕಗಳ, ಅಂದರೆ ಮಲವಿಳಿಸುವ ಔಷಧಗಳ, ಪೈಕಿ ಆ ರೂಪವನ್ನು ಸುರಕ್ಷಿತವೆಂದು ಒಪ್ಪಲಾಗದು ಎಂದು ಅಮೆರಿಕದ ಅದೇ ಆಡಳಿತ 2007ರಲ್ಲಿ ಆದೇಶಿಸಿತು. ವಸ್ತು ಒಂದೇ ಆಗಿದ್ದರೂ ರೂಪದ ಮೇಲೆ ತೀರ್ಪು ಬಂತು. ತಮ್ಮ ಲೇಖಕರು ಇದನ್ನು ಗಮನಿಸಬೇಕಿತ್ತು.

ನುಂಗಲು ತೊಡಕಿರುವವರು, ಪಾರ್ಕಿನ್ಸನ್ಸ್ ಕಾಯಿಲೆಯವರು, ಪಾರ್ಶ್ವವಾಯುವಿನಿಂದ ಗಂಟಲು ಸೋತವರು, ಅನ್ನನಾಳವೋ ಕರುಳೋ ಕಿರಿದಾಗಿರುವವರು ವೈದ್ಯರನ್ನು ಕೇಳದೆ ಯಾವ ಉಬ್ಬುವ ನಾರನ್ನೂ ಮುಟ್ಟಬಾರದು. ತೆಗೆದುಕೊಂಡ ಮೇಲೆ ಎದೆನೋವು, ವಾಂತಿ, ನುಂಗಲಾಗದ ಸ್ಥಿತಿ ಕಂಡರೆ ಮನೆಮದ್ದು ಹುಡುಕುತ್ತಾ ಕೂರದೆ ಆಸ್ಪತ್ರೆಗೆ ಹೋಗಬೇಕು.

ಇನ್ನು ಗಮ್ಮಿ. ನಮ್ಮ ಯಜಮಾನರು ಪುಡಿಯ ಮೇಲೆ ಮುನಿಸಿಕೊಂಡು ಗಮ್ಮಿಯ ಡಬ್ಬಿ ತಂದರು. ವೈದ್ಯರು ಅವರಿಗೆ ನಾರು ಹೇಳಿದ್ದು ಮಲಬದ್ಧತೆಗೂ ಕೊಲೆಸ್ಟರಾಲಿಗೂ ಸೇರಿಸಿ. “ಎರಡೂ ನಾರೇ ಅಲ್ಲವೇ?” ಎಂದು ವಾದಿಸಿದರು. ಚೀಟಿ ತಿರುಗಿಸಿ ತೋರಿಸಿದೆ. ಅದರಲ್ಲಿದ್ದದ್ದು ಇನ್ಯುಲಿನ್, ಚಿಕೋರಿಯ ಬೇರಿನಿಂದ ತೆಗೆಯುವ ನಾರು. ಮಾರುಕಟ್ಟೆಯ ಬಹಳಷ್ಟು ಗಮ್ಮಿಗಳಲ್ಲಿ ಇರುವುದು ಇದೇ. ಇಸಬಗೋಲು ನೀರನ್ನು ಹಿಡಿದು ಲೋಳೆಯಾಗುತ್ತದೆ, ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಹೆಚ್ಚೇನೂ ಒಡೆಯಲಾರವು. ಆದ್ದರಿಂದ ಅದು ಕೊನೆಯವರೆಗೂ ನೀರನ್ನು ಹೊತ್ತೊಯ್ದು ಗಟ್ಟಿ ಮಲವನ್ನು ಮೆದುವಾಗಿಸುತ್ತದೆ, ಭೇದಿಯಿದ್ದಾಗ ಸಡಿಲ ಮಲವನ್ನು ಕೂಡಿಸುತ್ತದೆ. ಅದೇ ಲೋಳೆ ಪಿತ್ತರಸದ ಆಮ್ಲಗಳನ್ನೂ ಸೆಳೆದುಕೊಂಡು ಹೊರಹಾಕುತ್ತದೆ. ಹೋದ ಆಮ್ಲವನ್ನು ಮತ್ತೆ ತಯಾರಿಸಲು ಯಕೃತ್ತು ರಕ್ತದಲ್ಲಿನ ಕೊಲೆಸ್ಟರಾಲನ್ನು ಎಳೆದುಕೊಳ್ಳುತ್ತದೆ. ಇನ್ಯುಲಿನ್ ಹೀಗೆ ಲೋಳೆ ಕಟ್ಟುವುದಿಲ್ಲ. ಬ್ಯಾಕ್ಟೀರಿಯಾಗಳು ಅದನ್ನು ಖುಷಿಯಿಂದ ತಿಂದು ಹುದುಗಿಸುತ್ತವೆ. ಆ ಸೂಕ್ಷ್ಮಜೀವಿಗಳಿಗೆ ಅದು ಒಳ್ಳೆಯ ಆಹಾರವಿರಬಹುದು, ಹೊಟ್ಟೆಯ ಒಡೆಯನಿಗೆ ಮಾತ್ರ ವಾಯು ಮತ್ತು ಉಬ್ಬರ. ಕರುಳು ಸೂಕ್ಷ್ಮವಾಗಿರುವವರಿಗೆ ಇದು ಸಣ್ಣ ತೊಂದರೆಯಲ್ಲ. ಮೇಲಾಗಿ ಗಮ್ಮಿಗೆ ಸಿಹಿ ಬೇಕು. ಸಕ್ಕರೆಯಿಲ್ಲ ಎಂದು ಬರೆದಿದ್ದರೆ ಸಾರ್ಬಿಟಾಲ್, ಮಾಲ್ಟಿಟಾಲ್‌ನಂಥ ಸಿಹಿಕಾರಕಗಳು ಇರಬಹುದು, ಅವೂ ವಾಯು ತರುವಂಥವೇ. ನಮ್ಮವರು ಡಬ್ಬಿ ಮುಗಿಸಿದರು, ರುಚಿಯಾಗಿತ್ತಂತೆ! ಮಕ್ಕಳಿರುವ ಮನೆಯಲ್ಲಿ ಅದನ್ನು ಎತ್ತರದಲ್ಲಿಡಿ, ಅವರಿಗೆ ಅದು ಮಿಠಾಯಿ.

ನೀರಿನಲ್ಲಿ ಕಾಣದಂತೆ ಕರಗುವ ಗೋಧಿ ಡೆಕ್ಸ್‌ಟ್ರಿನ್ ಪುಡಿಯೂ ಇನ್ಯುಲಿನ್ ಪಂಗಡಕ್ಕೆ ಹತ್ತಿರ. ಕುಡಿಯಲು ಸುಖ, ಆದರೆ ಲೋಳೆಯಿಲ್ಲ, ಹುದುಗುತ್ತದೆ. ಮೀಥೈಲ್ ಸೆಲ್ಯುಲೋಸ್ ಎಂಬ ಇನ್ನೊಂದು ನಾರು ಹುದುಗುವುದಿಲ್ಲ. ವಾಯುವಿನ ಕಾಟಕ್ಕೆ ಅಂಜುವವರು ಅದರ ಬಗ್ಗೆ ವಿಚಾರಿಸಬಹುದು. ಕ್ಯಾಲ್ಸಿಯಂ ಪಾಲಿಕಾರ್ಬೋಫಿಲ್ ಮಾತ್ರೆಯಾಗಿ ಬರುತ್ತದೆ, ಅದೂ ಹುದುಗದು. ಆದರೆ ಅದರಲ್ಲಿರುವ ಕ್ಯಾಲ್ಸಿಯಂ ಟೆಟ್ರಾಸೈಕ್ಲಿನ್, ಸಿಪ್ರೊಫ್ಲಾಕ್ಸಾಸಿನ್‌ನಂಥ ಆ್ಯಂಟಿಬಯೋಟಿಕ್‌ಗಳನ್ನು ಕಟ್ಟಿಹಾಕಿ ರಕ್ತಕ್ಕೆ ಸೇರದಂತೆ ಮಾಡುತ್ತದೆ.

ಇಸಬಗೋಲಿನ ಪುಡಿಯನ್ನೇ ಆರಿಸಿಕೊಂಡವರಿಗೂ ಆಯ್ಕೆ ಮುಗಿಯುವುದಿಲ್ಲ. ಇಡೀ ಹೊಟ್ಟು ಲೋಟದಲ್ಲಿ ತೇಲುತ್ತದೆ, ನಾಲಿಗೆಗೆ ತರಿತರಿ, ಲೋಳೆಯಾಗಲು ಸ್ವಲ್ಪ ಹೊತ್ತು ಬೇಕು. ನುಣ್ಣಗೆ ಅರೆದದ್ದು ಬಾಯಿಗೆ ಹಿತ, ಆದರೆ ಕದಡಿ ಇಟ್ಟು ಫೋನಿನಲ್ಲಿ ಮಾತಿಗಿಳಿದರೆ ಮರಳುವಷ್ಟರಲ್ಲಿ ಅಂಟಾಗಿ ಕುಳಿತಿರುತ್ತದೆ. ಕದಡಿದ ತಕ್ಷಣ ಕುಡಿದು, ಮೇಲಿಂದ ಇನ್ನೊಂದಿಷ್ಟು ನೀರು ಕುಡಿಯುವುದೇ ಸರಿಯಾದ ಕ್ರಮ. ಕಿತ್ತಳೆ ರುಚಿಯ ಪುಡಿಗಳಲ್ಲಿ ತೂಕದ ದೊಡ್ಡ ಪಾಲು ಸಕ್ಕರೆಯದಾಗಿರಬಹುದು. ಮಧುಮೇಹಿಗಳು ಒಂದು ಅಳತೆಯಲ್ಲಿ ನಾರೆಷ್ಟು, ಸಕ್ಕರೆಯೆಷ್ಟು ಎಂದು ಬೇರೆಬೇರೆಯಾಗಿ ಓದಬೇಕು. ಸಕ್ಕರೆರಹಿತ ಪುಡಿಯಲ್ಲಿ ಆಸ್ಪರ್ಟೇಮ್ ಇದ್ದರೆ ಫಿನೈಲ್‌ಕೀಟೋನೂರಿಯ ಎಂಬ ಹುಟ್ಟುರೋಗ ಇರುವವರಿಗೆ ಅದು ವರ್ಜ್ಯ. ಇನ್ನೊಂದು ಸಂಗತಿ ಮನೆಯವರಿಗೆ ತಿಳಿದಿರುವುದು ಕಡಿಮೆ: ಡಬ್ಬಿಯಿಂದ ಏಳುವ ಇಸಬಗೋಲಿನ ದೂಳು ಕೆಲವರಿಗೆ ಅಲರ್ಜಿ ತರುತ್ತದೆ. ರೋಗಿಗಳಿಗೆ ದಿನವೂ ಪುಡಿ ಕದಡಿ ಕೊಡುವ ದಾದಿಯರಲ್ಲಿ ಸೀನು, ಉಬ್ಬಸ ಕಾಣಿಸಿಕೊಳ್ಳುವುದು ವೈದ್ಯಕೀಯದಲ್ಲಿ ಗೊತ್ತಿರುವ ವಿಷಯವೇ. ಅಂಥವರು ಕದಡುವ ಕೆಲಸವನ್ನು ಬೇರೆಯವರಿಗೆ ಬಿಡಬೇಕು, ತಾವು ಸೇವಿಸಲೂಬಾರದು.

ನನ್ನ ಅಕ್ಕ ಥೈರಾಯ್ಡ್ ಮಾತ್ರೆ ನುಂಗಿ, ಅದೇ ಲೋಟದ ನೀರಿಗೆ ಇಸಬಗೋಲು ಹಾಕಿ ಕುಡಿಯುತ್ತಿದ್ದಳು. ಒಂದೇ ಸಲ ಕೆಲಸ ಮುಗಿಯಲಿ ಎಂಬುದು ಅವಳ ಶಿಸ್ತು. ಲೋಳೆ ಮಾತ್ರೆಯನ್ನೂ ಹಿಡಿದುಕೊಳ್ಳಬಲ್ಲದು ಎಂದು ಹೇಳಿದಾಗ, “ಡಬ್ಬಿಯ ಮೇಲೆ ಇದೆಲ್ಲ ಇಷ್ಟು ಸಣ್ಣ ಅಕ್ಷರದಲ್ಲಿ ಬರೆದರೆ ಯಾರು ಓದುತ್ತಾರೆ, ತಂಗಿ?” ಎಂದಳು. ಅವಳ ಮಾತು ನ್ಯಾಯವೇ. ಮಾತ್ರೆಗಳಿಗೂ ನಾರಿಗೂ ಕನಿಷ್ಠ ಎರಡು ಗಂಟೆಯ ಅಂತರವಿರಬೇಕು. ಥೈರಾಯ್ಡ್ ಮಾತ್ರೆಗೆ ಇನ್ನೂ ಹೆಚ್ಚಿದ್ದರೆ ಒಳ್ಳೆಯದು. ಡಿಗಾಕ್ಸಿನ್, ಲಿಥಿಯಂ, ಕಾರ್ಬಮಜೆಪೈನ್ ತೆಗೆದುಕೊಳ್ಳುವವರು ನಾರು ಆರಂಭಿಸುವ ಮೊದಲೇ ವೈದ್ಯರಿಗೆ ತಿಳಿಸಬೇಕು.

ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ವಯಸ್ಕರಿಗೆ ಸೂಚಿಸಿದ್ದು ದಿನಕ್ಕೆ ಕನಿಷ್ಠ 25 ಗ್ರಾಂ ನಾರು, ಅದೂ ಆಹಾರದಲ್ಲಿ ಸಹಜವಾಗಿ ಇರುವ ನಾರು. ಗಮ್ಮಿಯಲ್ಲಿ ಸಿಗುವ ಎರಡು ಮೂರು ಗ್ರಾಮನ್ನು ಅದರ ಪಕ್ಕದಲ್ಲಿಟ್ಟು ನೋಡಿದರೆ ಜಾಹೀರಾತಿನ ಸದ್ದು ಎಷ್ಟು, ಸರಕು ಎಷ್ಟು ಎಂಬುದು ತಿಳಿಯುತ್ತದೆ.

ತಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಲೇಖನದ ಜೊತೆಗಿದ್ದ ಕೋಷ್ಟಕದಲ್ಲಿ ‘ರುಚಿ’, ‘ಅನುಕೂಲ’ ಎಂಬ ಎರಡೇ ಅಂಕಣಗಳಿದ್ದವು. ಅದನ್ನು ತಿದ್ದಿ ಮತ್ತೆ ಪ್ರಕಟಿಸಿ. ಯಾವ ನಾರು, ಒಂದು ಅಳತೆಯಲ್ಲಿ ಎಷ್ಟು ಗ್ರಾಂ, ಎಷ್ಟು ನೀರು, ಯಾರಿಗೆ ಬೇಡ ಎಂಬ ಅಂಕಣಗಳನ್ನು ಸೇರಿಸಿ. ಇಸಬಗೋಲಿನ ಫಲ ಕಾಣಲು 12ರಿಂದ 72 ಗಂಟೆ ಬೇಕಾಗುತ್ತದೆ, ಸಣ್ಣ ಪ್ರಮಾಣದಿಂದ ಆರಂಭಿಸಿ ನಿಧಾನವಾಗಿ ಏರಿಸಬೇಕು ಎಂಬುದನ್ನೂ ಹಾಕಿ, ಇಲ್ಲವಾದರೆ ಓದುಗರು ಮೊದಲ ರಾತ್ರಿಯೇ ಅಳತೆಯನ್ನು ದುಪ್ಪಟ್ಟು ಮಾಡುತ್ತಾರೆ. ಮಲದಲ್ಲಿ ರಕ್ತ ಕಂಡವರು, ಕಾರಣವಿಲ್ಲದೆ ತೂಕ ಇಳಿದವರು, ಮಲವಿಸರ್ಜನೆಯ ಕ್ರಮ ಹಠಾತ್ತಾಗಿ ಬದಲಾಗಿ ಎರಡು ವಾರ ದಾಟಿದವರು ಕೋಷ್ಟಕವನ್ನು ನೋಡದೆ ನೇರವಾಗಿ ವೈದ್ಯರ ಬಳಿಗೆ ಹೋಗಲಿ ಎಂದು ಅದರ ತಲೆಯಲ್ಲೇ ಅಚ್ಚು ಹಾಕಿ. ಅಕ್ಷರ ಮಾತ್ರ ನನ್ನ ಅಕ್ಕ ಓದುವಷ್ಟು ದಪ್ಪವಾಗಿರಲಿ.

ಇತಿ,
ತಮ್ಮ ಪತ್ರಿಕೆಯ ಹಳೆಯ ಓದುಗಾರ್ತಿ,
ಒಬ್ಬ ನಿವೃತ್ತ ಫಾರ್ಮಸಿಸ್ಟ್