ಅವತ್ತು ನಿನ್ನ ಕೈ ಹಿಡಿದದ್ದು ನಾನು

ಪ್ರೀತಿಯ ಗೆಳೆಯಾ,

ಹೇಗಿದ್ದೀಯ? ಈ ಬೇಸಿಗೆಯಲ್ಲಿ ತೋಟಕ್ಕೆ ನೀರು ಸಾಕಾಗುತ್ತಿದೆಯಾ? ಅಮ್ಮನ ಮಂಡಿನೋವು ಈಗ ಹೇಗಿದೆ? ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಆದರೆ ಇವತ್ತು ಹೇಳಬೇಕಾದ ಇನ್ನೊಂದು ವಿಷಯ ಫೋನ್ ಹಿಡಿದರೆ ಬಾಯಿಗೆ ಬರುವುದಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಮಗಳ ಕ್ವಿಜ್ ಫೈನಲ್ ಮೊನ್ನೆ ಭಾನುವಾರ ಟಿವಿಯಲ್ಲಿ ಬಂತಲ್ಲ, ನೋಡಿದೆ ಎಂದು ನೀನು ಮೆಸೇಜ್ ಹಾಕಿದ್ದೆ. ಅದರ ರೆಕಾರ್ಡಿಂಗ್ ಆಗಿ ಆಗಲೇ ಮೂರು ವಾರವಾಗಿತ್ತು. ಪ್ರಸಾರ ಆಗುವವರೆಗೆ ಫಲಿತಾಂಶ ಯಾರಿಗೂ ಹೇಳಬೇಡಿ ಎಂದು ನಮ್ಮೆಲ್ಲರಿಂದ ಮಾತು ತಗೊಂಡಿದ್ದರು. ನಿನಗೂ ಹೇಳದೆ ಮೂರು ವಾರ ಇದ್ದದ್ದು ನನಗೆ ಕಷ್ಟವೇ ಆಯಿತು.

ಅವತ್ತು ಬೆಳಿಗ್ಗೆ ಏಳಕ್ಕೇ ಮನೆ ಬಿಟ್ಟೆವು. ಗೊರಗುಂಟೆಪಾಳ್ಯದ ಸಿಗ್ನಲ್ ನಿನಗೆ ಗೊತ್ತಲ್ಲ, ಊರಿಂದ ಬರುವಾಗಲೆಲ್ಲ ಬಸ್ಸು ನಿಲ್ಲುತ್ತದೆ. ಅಲ್ಲಿ ಇಪ್ಪತ್ತು ನಿಮಿಷ ನಿಂತೆವು. ಮಗಳು ಹಿಂದಿನ ಸೀಟಿನಲ್ಲಿ ಅವಳ ಜೊತೆಗಾತಿಗೆ ರಾಜಧಾನಿಗಳನ್ನು ಕೇಳುತ್ತಿದ್ದಳು. ಆ ಹುಡುಗಿ ಒಂದನ್ನೂ ತಪ್ಪಿಸಲಿಲ್ಲ.

ನೀನು ಟಿವಿಯಲ್ಲಿ ನೋಡಿದ್ದು ಅರ್ಧ ಗಂಟೆ. ಅಲ್ಲಿ ನಡೆದದ್ದು ಹತ್ತಿರ ಹತ್ತಿರ ನಾಲ್ಕು ಗಂಟೆ. ಸ್ಟುಡಿಯೋದಲ್ಲಿ ಎ.ಸಿ. ಎಷ್ಟು ಜೋರಿತ್ತೆಂದರೆ ಮಕ್ಕಳು ಕೈ ಉಜ್ಜಿಕೊಳ್ಳುತ್ತಿದ್ದರು. ಯೂನಿಫಾರ್ಮಿನ ಕಾಲರಿಗೆ ಪುಟ್ಟ ಮೈಕು ಸಿಕ್ಕಿಸಿದರು. ಮುಖಕ್ಕೆ ಒಂದಿಷ್ಟು ಪೌಡರು ಹಚ್ಚಿದರು. ಆಮೇಲೆ ಒಂದೊಂದು ತಂಡವೂ ಬಜರ್ ಒತ್ತಿ ದೀಪ ಹತ್ತುತ್ತದಾ ಎಂದು ನೋಡಬೇಕು. ಕೆಂಪು, ಹಸಿರು, ಹಳದಿ. ನಮ್ಮವರದು ಹಳದಿ. ಫ್ಲೋರ್ ಮ್ಯಾನೇಜರ್ ಕೈ ಎತ್ತಿದರೆ ನಾವು ಚಪ್ಪಾಳೆ ತಟ್ಟಬೇಕು, ಇಳಿಸಿದರೆ ನಿಲ್ಲಿಸಬೇಕು. ನಮಗೆ ಕೂರಲು ಸಿಕ್ಕಿದ್ದು ಒಂದು ಪಕ್ಕದ ಬೆಂಚು. ಅಲ್ಲಿಂದ ಮಕ್ಕಳ ಮುಖ ಅರ್ಧ ಕಾಣುತ್ತಿತ್ತು, ಮೇಜಿನ ಹಿಂಭಾಗ ಮಾತ್ರ ಪೂರ್ತಿ ಕಾಣುತ್ತಿತ್ತು. ಇದನ್ನು ನೆನಪಿಟ್ಟುಕೋ.

ಕೂತಾಗ ನಮ್ಮ ದೊಡ್ಡಮ್ಮನ ಮನೆ ನೆನಪಾಯಿತು. ಬೇಸಿಗೆ ರಜೆಗೆ ನಾವಿಬ್ಬರೂ ಬೆಂಗಳೂರಿಗೆ ಬಂದು ಕಪ್ಪುಬಿಳುಪು ಟಿವಿ ಮುಂದೆ ಕೂರುತ್ತಿದ್ದೆವಲ್ಲ? ದೂರದರ್ಶನದಲ್ಲಿ 1985ರಲ್ಲಿ ಸಿದ್ಧಾರ್ಥ ಬಸು ಅವರ ‘ಕ್ವಿಜ್ ಟೈಮ್’ ಶುರುವಾಗಿತ್ತು. ಎಲ್ಲ ಇಂಗ್ಲಿಷು. ನಮಗೆ ಅರ್ಥವಾಗುತ್ತಿದ್ದದ್ದು ಕಡಿಮೆ. ಆದರೂ ಆ ಕಾಲೇಜು ಹುಡುಗರು ಉತ್ತರ ಹೇಳುವ ಮೊದಲು ಒಬ್ಬರ ಕಡೆ ಒಬ್ಬರು ಬಾಗಿ ಪಿಸುಗುಟ್ಟುತ್ತಿದ್ದದ್ದನ್ನು ನೋಡಿ, ನಾವೂ ಹಾಗೇ ಆಡುತ್ತಿದ್ದೆವು. ನನ್ನ ಮಗಳಿಗೆ ಆ ಕಷ್ಟ ಇರಲಿಲ್ಲ. ಚಂದನದಲ್ಲಿ 2002ರಿಂದ ಬರುವ ‘ಥಟ್ ಅಂತ ಹೇಳಿ’ಯನ್ನು ಅವಳು ತಾತನ ತೊಡೆ ಮೇಲೆ ಕೂತು ಕನ್ನಡದಲ್ಲೇ ನೋಡಿದಳು. ಸರಿ ಉತ್ತರಕ್ಕೆ ಡಾ. ನಾ. ಸೋಮೇಶ್ವರ ಅವರು ಪುಸ್ತಕ ಕೊಡುತ್ತಾರಲ್ಲ, ಅದು ಅವಳಿಗೆ ಬಹಳ ಇಷ್ಟ. ಕ್ವಿಜ್ ಅಂದರೆ ಪುಸ್ತಕ ಸಿಗುವ ಆಟ ಎಂದೇ ಅವಳು ತಿಳಿದಿದ್ದಳು.

ಮೊದಲ ಸುತ್ತುಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ, ನೀನೇ ನೋಡಿದ್ದೀಯ. ಒಂದನ್ನು ಮಾತ್ರ ಹೇಳುತ್ತೇನೆ. ಚಿತ್ರದ ಸುತ್ತಿನಲ್ಲಿ ಸುಮ್ನೆ ಒಂದು ಬೋಳು ಬಂಡೆ ತೋರಿಸಿ, ಇದಕ್ಕೆ ಸುಮಾರು 300 ಕೋಟಿ ವರ್ಷ ವಯಸ್ಸು, ಎಲ್ಲಿದೆ ಎಂದು ಕೇಳಿದರು. ಮಗಳು ತಟ್ಟನೆ ಲಾಲ್‌ಬಾಗ್ ಎಂದಳು. ಅದು ಪುಸ್ತಕದಿಂದ ಬಂದದ್ದಲ್ಲ ಕಣೋ. ಭಾನುವಾರ ನಾವು ಅಲ್ಲಿಗೆ ಹೋದಾಗಲೆಲ್ಲ ಅವಳು ಕೆಂಪೇಗೌಡ ಗೋಪುರದ ಕೆಳಗೆ ಅದೇ ಬಂಡೆ ಮೇಲೆ ಕೂತು ಸೌತೆಕಾಯಿ ತಿನ್ನುತ್ತಾಳೆ. ಅಲ್ಲಿರುವ ಫಲಕ ಅವಳಿಗೆ ಬಾಯಿಪಾಠ.

ಕೊನೆಯ ಬಜರ್ ಸುತ್ತಿಗೆ ಬರೋಣ. ಸರಿ ಉತ್ತರಕ್ಕೆ 10, ತಪ್ಪಿದರೆ 5 ಕಳೆಯುತ್ತಾರೆ. ಒಂದೇ ಪ್ರಶ್ನೆ ಉಳಿದಿತ್ತು. ನಮ್ಮವರು 85, ಹಾಸನ ಕಡೆಯ ಸರ್ಕಾರಿ ಪ್ರೌಢಶಾಲೆಯ ಇಬ್ಬರು ಹುಡುಗರು 80. ಕ್ವಿಜ್ ಮಾಸ್ಟರ್ ಓದಲು ಶುರು ಮಾಡಿದರು. “ಸೆಪ್ಟೆಂಬರ್ 15ರಂದು ಮುದ್ದೇನಹಳ್ಳಿಯಲ್ಲಿ ಹುಟ್ಟಿದ...” ಅಷ್ಟರಲ್ಲಿ ಹಳದಿ ದೀಪ ಹತ್ತಿತು. ಒತ್ತಿದ್ದು ಮಗಳ ಜೊತೆಗಾತಿ. “ಸರ್ ಎಂ. ವಿಶ್ವೇಶ್ವರಯ್ಯ” ಎಂದಳು. ತಪ್ಪು. ಪ್ರಶ್ನೆ ಇನ್ನೂ ಮುಗಿದಿರಲಿಲ್ಲ. ಅವರು ಮೈಸೂರಿನ ದಿವಾನರಾಗಿದ್ದಾಗ, 1916ರಲ್ಲಿ ಶುರುವಾದ ವಿಶ್ವವಿದ್ಯಾಲಯ ಯಾವುದು ಎನ್ನುವುದು ಪೂರ್ತಿ ಪ್ರಶ್ನೆ. ಹಾಸನದ ಹುಡುಗರು ಕೊನೆಯ ಪದದವರೆಗೂ ಕಾದು, ಮೈಸೂರು ವಿಶ್ವವಿದ್ಯಾಲಯ ಎಂದರು. 90ಕ್ಕೆ 80. ಆ ಹುಡುಗರು ಗೆದ್ದದ್ದು ಅದೃಷ್ಟದಿಂದ ಅಲ್ಲ. ಇಡೀ ದಿನ ಅವರು ಒಂದೇ ಒಂದು ತಪ್ಪು ಬಜರ್ ಒತ್ತಿರಲಿಲ್ಲ.

ಟಿವಿಯಲ್ಲಿ ಆಮೇಲೆ ಬಣ್ಣದ ಕಾಗದ ಉದುರಿದ್ದು, ಗೆದ್ದವರು ಕಪ್ ಎತ್ತಿದ್ದು ತೋರಿಸಿದರು. ನಾನು ಕೂತ ಜಾಗದಿಂದ ಕಂಡದ್ದೇ ಬೇರೆ. ಆ ಹುಡುಗಿಯ ಬೆರಳು ಇನ್ನೂ ಬಜರ್ ಮೇಲೇ ಇತ್ತು, ನಡುಗುತ್ತಿತ್ತು. ನನ್ನ ಮಗಳು ಮೇಜಿನ ಹಿಂದೆ ಅವಳ ಇನ್ನೊಂದು ಕೈ ಹುಡುಕಿ ಹಿಡಿದುಕೊಂಡಳು. ಹಾಗೇ ಹಿಡಿದುಕೊಂಡೇ ಎದ್ದು ಹೋಗಿ ಗೆದ್ದವರ ಕೈ ಕುಲುಕಿದರು. ಎಡಗೈಯಲ್ಲಿ.

ವಾಪಸ್ ಬರುವಾಗ ಜೊತೆಗಾತಿಯನ್ನು ಅವರ ಮನೆಗೆ ಬಿಟ್ಟ ಮೇಲೆ ನಾನು ಮಗಳನ್ನು ಕೇಳಿದೆ, ಸ್ವಲ್ಪ ಕಾಯಬಹುದಿತ್ತು ಅಲ್ವಾ ಎಂದು. ಅವಳು ಹೇಳಿದಳು: “ಕಾದಿದ್ರೆ ಅವರು ಒತ್ತಿರ್ತಿದ್ರು ಅಪ್ಪ. ಐದು ಜಾಸ್ತಿ ಇದೆ ಅಂತ ಸುಮ್ನೆ ಕೂತ್ರೂ ಸೋಲೇ. ಅವಳು ಒತ್ತಿದ್ದು ಸರಿ. ನಾನಾಗಿದ್ರೂ ಒತ್ತಿರ್ತಿದ್ದೆ.”

ಗಾಡಿಯನ್ನು ಪಕ್ಕಕ್ಕೆ ಹಾಕಿ ನಿಲ್ಲಿಸಿದೆ ಕಣೋ. ಮುಂದೆ ಓಡಿಸಲು ಆಗಲಿಲ್ಲ.

1991, ತಿಪಟೂರು, ತಾಲ್ಲೂಕು ಮಟ್ಟದ ರಸಪ್ರಶ್ನೆ. ಬಜರ್ ಎಲ್ಲಿಯದು, ಮೇಜಿನ ಮೇಲೆ ತಟ್ಟುವ ಗಂಟೆ. ನಾವೂ 5 ಅಂಕ ಮುಂದಿದ್ದೆವು. ಅದೂ ಕೊನೆಯ ಪ್ರಶ್ನೆಯೇ. 1902ರಲ್ಲಿ ಶಿವನಸಮುದ್ರದಲ್ಲಿ ತಯಾರಾದ ವಿದ್ಯುತ್ತು ಮೊದಲು ಹೋದದ್ದು ಎಲ್ಲಿಗೆ? ನಿನ್ನ ಕೈ ಗಂಟೆಯ ಮೇಲೆ ಹೋಗಿಯೇ ಬಿಟ್ಟಿತ್ತು. “ಕೆಜಿಎಫ್ ಕಣೋ” ಎಂದು ನೀನು ನನ್ನ ಕಿವಿಯಲ್ಲಿ ಹೇಳಿದೆ. ನಾನು ನಿನ್ನ ಮಣಿಕಟ್ಟು ಹಿಡಿದು ಕೆಳಗೆ ಎಳೆದೆ. ಮೈಸೂರು ಇರಬೇಕು, ಅರಮನೆ ಇರುವುದು ಅಲ್ಲಿ, ಖಾತ್ರಿ ಇಲ್ಲದೆ ತಟ್ಟಬೇಡ, ಅಂಕ ಹೋಗುತ್ತದೆ ಎಂದೆ. ನಿನಗೆ ಖಾತ್ರಿಯಿತ್ತು. ನಿನ್ನ ಸೋದರಮಾವ ಗಣಿಯಲ್ಲಿ ಕೆಲಸ ಮಾಡುತ್ತಿದ್ದರು, ಪ್ರತಿ ದಸರಾ ರಜೆಗೆ ನೀನು ಅಲ್ಲಿಗೇ ಹೋಗುತ್ತಿದ್ದೆ. ಸುಮಾರು 150 ಕಿಲೋಮೀಟರ್ ತಂತಿ ಎಳೆದು ಆ ಗಣಿಗೆ ಕರೆಂಟು ಕೊಟ್ಟ ಮೂರು ವರ್ಷಕ್ಕೆ, 1905ರಲ್ಲಿ, ಬೆಂಗಳೂರಿಗೇ ದೀಪ ಬಂತು ಎಂದು ನೀನು ನನಗೆ ಎಷ್ಟು ಸಲ ಹೇಳಿದ್ದೆ! ಪಕ್ಕದ ಮೇಜಿನವರು ಗಂಟೆ ತಟ್ಟಿ, ಕೋಲಾರದ ಚಿನ್ನದ ಗಣಿ ಎಂದರು.

ಹೊರಗೆ ಬಂದ ಮೇಲೆ ಮೇಷ್ಟ್ರು ಕೇಳಿದರು, ಯಾಕ್ರೋ ತಟ್ಟಲಿಲ್ಲ ಎಂದು. ನೀನು ಹೇಳಿದೆ, “ನಮಗೆ ಗೊತ್ತಿರಲಿಲ್ಲ ಸಾರ್.” ನಮಗೆ ಎಂದೆ. ಬಸ್ಸಿನಲ್ಲಿ ಹುರಿದ ಕಡಲೆಕಾಯಿ ಪೊಟ್ಟಣ ಬಿಚ್ಚಿ ಅರ್ಧ ನನ್ನ ಕೈಗೆ ಸುರಿದೆ. ಅವತ್ತಿನಿಂದ ಇವತ್ತಿನವರೆಗೆ ನೀನು ಅದರ ಮಾತೆತ್ತಿಲ್ಲ. ನಾನೂ ಎತ್ತಿಲ್ಲ. ನನ್ನ ಮದುವೆಯ ದಿನ ಹೇಳಬೇಕು ಅಂದುಕೊಂಡೆ. 2001ರಲ್ಲಿ ಗಣಿ ಮುಚ್ಚಿ ನಿನ್ನ ಮಾವ ಊರಿಗೆ ಬಂದಾಗ ಹೇಳಬೇಕು ಅಂದುಕೊಂಡೆ. ಆಗಲಿಲ್ಲ.

ಈಗ ಹೇಳುತ್ತೇನೆ. ಉತ್ತರ ನಿನಗೆ ಗೊತ್ತಿತ್ತು. ನಿನ್ನ ಕೈ ಹಿಡಿದು ಎಳೆದವನು ನಾನು. ತಪ್ಪಾಯಿತು ಗೆಳೆಯಾ.

ಅವತ್ತು ಗಾಡಿಯಲ್ಲೇ ಮಗಳಿಗೆ ಇದನ್ನೆಲ್ಲ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಮಾಮನ ಹತ್ತಿರ, ಅಂದರೆ ನಿನ್ನ ಹತ್ತಿರ, ಮಾತಾಡಬೇಕು ಎಂದಳು. ಗಣಿಯಲ್ಲಿ ಎಷ್ಟು ಆಳಕ್ಕೆ ಇಳಿಯುತ್ತಿದ್ದರು, ಒಳಗೆ ಎಷ್ಟು ಸೆಖೆ ಇರುತ್ತಿತ್ತು, ನೀನು ಚಿಕ್ಕವನಿದ್ದಾಗ ಅಲ್ಲಿ ಏನೇನು ನೋಡಿದ್ದೆ, ಎಲ್ಲ ಕೇಳಬೇಕಂತೆ. ಈ ಭಾನುವಾರ ಬೆಳಿಗ್ಗೆ ಹತ್ತರ ಮೇಲೆ ಫೋನ್ ಮಾಡುತ್ತಾಳೆ. ಮಾವನೂ ಮನೆಯಲ್ಲಿದ್ದರೆ ಅವರನ್ನೂ ಪಕ್ಕದಲ್ಲಿ ಕೂರಿಸಿಕೋ.

ನಿನ್ನ,
ಅದೇ ಬೆಂಚಿನ ಗೆಳೆಯ